ಬದಲಿಯವನ ಮೌನಕ್ಕೆ ಚಪ್ಪಾಳೆ

ಒಂದಾನೊಂದು ಊರಿನಲ್ಲಿ ಒಂದು ವಾದ್ಯವಿತ್ತಂತೆ. ಆಳಿಗಿಂತ ಎತ್ತರ, ಮರದ ಮೈ, ನಾಲ್ಕು ದಪ್ಪ ತಂತಿ. ಹೆಸರು ಬೇಸ್. ಅದು ನುಡಿಯುವಾಗ ಯಾರೂ ಅದರತ್ತ ತಿರುಗಿ ನೋಡುತ್ತಿರಲಿಲ್ಲ. ನಿಂತರೆ ಮಾತ್ರ, ‘ಅಯ್ಯೋ, ಕಾಲಡಿಯ ನೆಲ ಎಲ್ಲಿ ಹೋಯಿತು?’ ಎಂದು ಎಲ್ಲರೂ ತಡಕಾಡುತ್ತಿದ್ದರು.

ಅದನ್ನು ನುಡಿಸುತ್ತಿದ್ದ ಜಾಝ್ ಕಲಾವಿದ ಬದುಕಿದ್ದಷ್ಟು ದಿನವೂ ಹಿಂದಿನ ಸಾಲಿನಲ್ಲೇ ನಿಂತ. ಸತ್ತ ಮೇಲೆ ಊರು ಅವನನ್ನು ಮುಂದಕ್ಕೆ ಕರೆತಂದಿತು! ಗೋಡೆಗೋಡೆಗೂ ಅವನ ಮುಖ. ವರ್ಷ ತುಂಬುವವರೆಗೆ ತಿಂಗಳಿಗೊಂದು ಸ್ಮರಣೆಯ ಕಛೇರಿ.

ಆದರೆ ಈ ಕಥೆ ಅವನದಲ್ಲ. ಅವನ ಜಾಗದಲ್ಲಿ ನಿಂತವನದು... ಆ ಜಾಗವನ್ನೇ ನೋಡುತ್ತ ನಿಂತವಳದು.

“ಸ್ವಲ್ಪ ನಿಲ್ತೀರಾ? ಕಛೇರಿ ಹೇಗಿತ್ತು ಅಂತ ಒಂದು ಮಾತು ಹೇಳಿ ಹೋಗಿ.”

ಸಭಾಂಗಣದ ಪಕ್ಕದ ಬಾಗಿಲಿನಿಂದ ಕಾಲರ್ ಎತ್ತಿಕೊಂಡು ಹೊರಬಂದವನು ಗಕ್ಕನೆ ನಿಂತ. ಎದುರಿಗೆ ಕೈಕಟ್ಟಿ ನಿಂತಿದ್ದ ಹುಡುಗಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ.

“ನನ್ನನ್ನ ಕೇಳ್ತಿದ್ದೀರಾ?”

“ಮತ್ತಿನ್ಯಾರು, ಈ ಕಂಬಾನಾ?”

ಅವನ ತುಟಿಯ ಮೂಲೆ ಅಲುಗಿತು. “ಚೆನ್ನಾಗಿತ್ತು. ಅದರಲ್ಲೂ ಆ ಬೇಸ್ ನುಡಿಸೋನು ಏನೂ ನುಡಿಸದೆ ನಿಂತಿದ್ನಲ್ಲ... ಅದೊಂದು ಭಾಗ ತುಂಬಾ ಚೆನ್ನಾಗಿತ್ತು.”

ಎಂಥ ಕೊಂಕು ಮಾತು! ಅವಳಿಗೆ ಮೈಯೆಲ್ಲ ಉರಿಯಿತು.

“ನೋಡ್ರೀ, ಅದು ಸತ್ತವರಿಗೆ ಕೊಡೋ ಮರ್ಯಾದೆ. ಆ ಜಾಗದಲ್ಲಿ ನಮ್ಮ ಮಾವ ಒಬ್ಬರೇ ನುಡಿಸ್ತಿದ್ರು. ತಮಾಷೆ ಮಾಡೋಕೆ ನಿಮಗೆ ಬೇರೆ ವಿಷಯ ಸಿಗಲಿಲ್ವಾ?”

ಅವನ ಮುಖದ ನಗು ಆರಿಹೋಯಿತು. ತಲೆತಗ್ಗಿಸಿ, ಮೆಟ್ಟಿಲಿಳಿದು, ಬಸ್ಸಿಗೆ ಕಾಯುವವರ ನಡುವೆ ಸೇರಿಹೋದ.

ಅವಳನ್ನು ಮನೆಯವರೆಲ್ಲ ಗುಬ್ಬಿ ಎಂದೇ ಕರೆಯುತ್ತಿದ್ದರು. ಕೆಲಸ ಕನ್ನಡಕದ ಅಂಗಡಿಯಲ್ಲಿ. ಬೆಳಗಿನಿಂದ ಸಂಜೆಯವರೆಗೆ ಜನರ ಮೂಗಿನ ಮೇಲೆ ಗಾಜು ಬದಲಿಸುತ್ತ, “ಇದು ಸ್ಪಷ್ಟವಾ, ಅದು ಸ್ಪಷ್ಟವಾ?” ಎಂದು ಕೇಳುವುದೇ ಕೆಲಸ.

ಅದಕ್ಕೇ ಸೋದರತ್ತೆ ಜನರ ಮಾತು ಕೇಳಿ ಬರಲು ಅವಳನ್ನು ಆರಿಸಿಕೊಂಡದ್ದು.

ತೀರಿಕೊಂಡ ಕಲಾವಿದನ ಹೆಂಡತಿ ಆಕೆ. ಶ್ವಾಸಕೋಶ ಕೈಕೊಟ್ಟಿತ್ತು. ಲಿಫ್ಟಿಲ್ಲದ ಕಟ್ಟಡದ ಕೊನೆಯ ಮಹಡಿಯ ಮನೆ. ಇಳಿದರೆ ಮತ್ತೆ ಹತ್ತುವ ಶಕ್ತಿಯಿಲ್ಲ. ರೆಕಾರ್ಡ್ ಹಾಕಿಕೊಡಲೇ ಎಂದರೆ ತಲೆಯಾಡಿಸಿಬಿಡುತ್ತಿದ್ದಳು.

“ಬೇಡ ಕಣೇ. ಅದರಲ್ಲಿ ಅವರು ಬದುಕಿಯೇ ಇದ್ದಾರೆ. ಕೇಳಿ ಮುಗಿಸಿ ಈ ಕಡೆ ತಿರುಗಿದ್ರೆ ಮಂಚ ಖಾಲಿ. ನನ್ನ ಕೈಲಾಗಲ್ಲ.”

“ಮತ್ತೇನು ಬೇಕು ಅತ್ತೆ?”

“ಕಛೇರಿಗೆ ಬಂದವರು ಏನಂದ್ರು, ಅದು ಬೇಕು. ಕೊನೇ ಕಛೇರಿವರೆಗೂ ಕೇಳಿ ಬಂದು ಹೇಳು. ಉಪ್ಪು ಖಾರ ಹಚ್ಚಬೇಡ. ನಿನ್ನದೂ ಒಂದು ಮಾತು ಸೇರಿಸು.”

“ನನ್ನದು ಎಲ್ಲರದೂ ಮುಗಿದ ಮೇಲೆ ಹೇಳ್ತೀನಿ.”

“ಮಾತು ಕೊಡು.”

ಗುಬ್ಬಿ ಅತ್ತೆಯ ತಣ್ಣನೆಯ ಅಂಗೈ ಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದಳು.

ಆ ಸಂಜೆ ಕೊಂಕು ಮಾತಿನವನ ವಿಷಯವನ್ನೂ ಇದ್ದದ್ದು ಇದ್ದಂತೆ ಹೇಳಿದಳು. ಅತ್ತೆ ಕೆಮ್ಮು ಬರುವಷ್ಟು ನಕ್ಕಳು! ಮಾವ ಹೋದ ಮೇಲೆ ಆ ಮನೆಯಲ್ಲಿ ಕೇಳಿದ ಮೊದಲ ನಗು ಅದು.

ಮುಂದಿನ ಕಛೇರಿಗೆ ಗುಬ್ಬಿ ತನ್ನ ಕನ್ನಡಕ ಮರೆಯದೆ ಹಾಕಿಕೊಂಡು ಹೋದಳು. ಕನ್ನಡಕದ ಅಂಗಡಿಯವಳೇ ಕನ್ನಡಕ ಮರೆತರೆ ಹೇಗೆ? ಕಳೆದ ಸಲ ವೇದಿಕೆಯೆಲ್ಲ ಮಂಜು ಮಂಜಾಗಿತ್ತು.

ದೀಪ ಹತ್ತಿತು. ಪಿಯಾನೊ ಮುಂದೆ ತಂಡದ ಯಜಮಾನರು, ಪಕ್ಕದಲ್ಲಿ ಟ್ರಂಪೆಟ್ ಊದುವ ಮುದುಕರು, ಹಿಂದೆ ಡ್ರಮ್. ಅದರ ಪಕ್ಕದಲ್ಲಿ ಮಾವನ ಬೇಸ್ ತಬ್ಬಿಕೊಂಡು ನಿಂತಿದ್ದವನು...

ಅವಳು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡಳು.

ಅವನೇ! ಕಾಲರ್ ಎತ್ತಿದವನು! ಅಭಿಮಾನಿಗಳು ‘ಬದಲಿ’ ಎಂದು ಕರೆಯುವವನು!

‘ಭೂಮಿಯೇ, ಬಾಯಿಬಿಡಮ್ಮ... ತನ್ನನ್ನೇ ತಾನು ಆಡಿಕೊಂಡಿದ್ದನಾ?’

ನಿಧಾನಗತಿಯ ಆ ಹಾಡು ಬಂತು. ಬೇಸ್ ಒಂಟಿಯಾಗಿ ನುಡಿಯಬೇಕಾದ ಜಾಗಕ್ಕೆ ಬಂದಾಗ ಎಲ್ಲರೂ ನಿಲ್ಲಿಸಿದರು. ಅತ್ತೆಯ ಅಪೇಕ್ಷೆ ಅದು: ಅಲ್ಲಿ ಬೇರೆಯವರ ಕೈ ಬೀಳಬಾರದು. ಬದಲಿ ತಂತಿಗಳ ಮೇಲೆ ಬೆರಳಿಟ್ಟು ಕಲ್ಲಿನಂತೆ ನಿಂತ. ಸಭಾಂಗಣದ ತುಂಬ ಬಿಕ್ಕುಗಳು. ಮೌನ ಮುಗಿದೊಡನೆ ಚಪ್ಪಾಳೆಯೋ ಚಪ್ಪಾಳೆ!

ಅವನು ತಲೆಬಾಗಿದ. ತಾನು ಮಾಡದ ಕೆಲಸಕ್ಕೆ.

ಆಮೇಲೆ ಗುಬ್ಬಿ ಪಕ್ಕದ ಬಾಗಿಲಲ್ಲಿ ಕಾದಳು.

“ಕ್ಷಮಿಸಿ... ಅವತ್ತು ನೀವು ಯಾರು ಅಂತ ಗೊತ್ತಾಗಲಿಲ್ಲ.”

“ಪರವಾಗಿಲ್ಲ. ಗೊತ್ತಿದ್ದವರೂ ಹಾಗೇ ಬೈತಾರೆ.” ಅವನು ನಕ್ಕ. “ಇವತ್ತಿನ ಬೈಗುಳ ಏನೇನು?”

“ಒಬ್ಬರು, ‘ದೊಡ್ಡವರ ಬೆರಳೇ ಬೇರೆ’ ಅಂದ್ರು. ಇನ್ನೊಬ್ಬ ಅಜ್ಜಿ, ‘ಈ ಹುಡುಗ ಪಾಪ, ಬೇಸ್ ಎತ್ಕೊಂಡು ಬರೋಕೆ ಇದ್ದಾನೇನೋ ಅಂದ್ಕೊಂಡೆ’ ಅಂದ್ರು.”

“ಅಜ್ಜಿ ಅರ್ಧ ಸರಿ. ಎತ್ಕೊಂಡು ಬರೋನೂ ನಾನೇ.”

ಇಬ್ಬರೂ ನಕ್ಕರು. ಎದುರಿನ ಚಹಾದಂಗಡಿಯ ಕುಂಟು ಮೇಜಿನ ಮೇಲೆ ಎರಡು ಲೋಟ ಬಂದವು. ಹಗಲಿನಲ್ಲಿ ಅವನು ಡ್ರೈವಿಂಗ್ ಕಲಿಸುವವನಂತೆ.

“ಪಕ್ಕದಲ್ಲಿ ಕೂತು, ನನ್ನ ಬ್ರೇಕ್ ಮೇಲೆ ಕಾಲಿಟ್ಕೊಂಡಿರ್ತೀನಿ. ಅವರು ಸರಿಯಾಗಿ ಓಡಿಸಿದ್ರೆ ನಾನಿದ್ದೀನಿ ಅನ್ನೋದೇ ಮರೀತಾರೆ. ಬೇಸೂ ಅಷ್ಟೇ.”

“ಬೇಜಾರಾಗಲ್ವಾ?”

ಅವನು ಲೋಟದ ಅಂಚನ್ನು ಬೆರಳಿನಿಂದ ಸವರಿದ. “ನನ್ನ ಬೇಸ್ ಒಡೆದುಹೋಗಿ ತುಂಬಾ ದಿನ ಆಯ್ತು. ಈ ಕಛೇರಿಗಳು ಇರೋವರೆಗೆ ನಿಮ್ಮ ಮಾವಂದು ಕೈಯಲ್ಲಿರುತ್ತೆ. ಅಷ್ಟು ಸಾಕು.”

ಅವಳು ಇನ್ನೆರಡು ಚಹಾ ಹೇಳಿದಳು.

ಹೀಗೆ ತಿಂಗಳುಗಳು ಉರುಳಿದವು. ಅವನ ಬೇಸ್ ಕೇಳಲು ಅವಳ ಕಿವಿ ತಾನಾಗಿಯೇ ಕಲಿತುಬಿಟ್ಟಿತು. ಪಿಯಾನೊ, ಟ್ರಂಪೆಟ್ ಎಲ್ಲವನ್ನೂ ಸರಿಸಿ, ಅಡಿಯಲ್ಲಿ ಹರಿಯುವ ಆ ಒಂದು ದನಿಯ ಹಿಂದೆಯೇ ನಡೆಯುತ್ತಿದ್ದಳು. ರಾತ್ರಿ ದಿಂಬಿಗೆ ಕಿವಿಯಿಟ್ಟರೂ ಅದೇ.

‘ನನಗೇನಾಗ್ತಿದೆ? ಮಾವನ ಜಾಗದಲ್ಲಿ ನಿಂತವನ ಬೇಸ್ ನನಗೆ ಮಾವನದಕ್ಕಿಂತ ಹೆಚ್ಚು ಹಿಡಿಸ್ತಿದೆಯಾ? ಛೆ! ಅತ್ತೆಗೆ ತಿಳಿದರೆ ಏನಂದುಕೊಂಡಾರು... ತಿಂದ ಮನೆಗೇ ಎರಡು ಬಗೆದಂತಲ್ಲವಾ?’

ಅವಳನ್ನು ಸಾಕಿದವರೇ ಅತ್ತೆ, ಮಾವ.

ಅದಕ್ಕೇ, ಅತ್ತೆ ಪ್ರತಿ ಸಲ “ನಿನ್ನದು?” ಎಂದಾಗಲೂ, “ಕೊನೆಗೆ ಅತ್ತೆ, ಕೊನೆಗೆ” ಎಂದು ಜಾರಿಕೊಂಡಳು. ಬೇರೆಯವರ ಮಾತನ್ನು ಮಾತ್ರ ಒಂದಕ್ಷರ ಬಿಡದೆ ಒಪ್ಪಿಸಿದಳು. ಬೇರೆಯವರೆಲ್ಲ ಹೇಳುತ್ತಿದ್ದದ್ದು ಒಂದೇ: “ಆ ಮೌನ! ಆ ಮೌನ ಇನ್ನೂ ಸ್ವಲ್ಪ ಹೊತ್ತು ಇರಬಾರದಿತ್ತಾ?”

ಅತ್ತೆ ಅದನ್ನು ಮನಸ್ಸಿಗೆ ಹಚ್ಚಿಕೊಂಡಳು. ಪಿಯಾನೊ ಯಜಮಾನರನ್ನು ಕರೆಸಿ ಹೇಳಿದಳು. ಮುಂದಿನ ಕಛೇರಿಯಲ್ಲಿ ಎರಡು ಹಾಡಿಗೆ ಬೇಸ್ ಮೌನ. ಜನ ಇನ್ನಷ್ಟು ಅತ್ತರು. ಅದರ ಮುಂದಿನದರಲ್ಲಿ ಉತ್ತರಾರ್ಧ ಪೂರ್ತಿ ಬೇಸ್ ಇಲ್ಲ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಬದಲಿಯ ಕೈಗೆ ದಿನದಿನಕ್ಕೂ ಕೆಲಸ ಕಡಿಮೆಯಾಯಿತು. ಚಹಾದಂಗಡಿಯಲ್ಲಿ ಅವನ ತಮಾಷೆಯೂ.

ಕೊನೆಯ ಕಛೇರಿಗೆ ವಾರವಿರುವಾಗ, ಅಭ್ಯಾಸದ ಕೋಣೆಯಲ್ಲಿ ಯಜಮಾನರು ಗಂಟಲು ಸರಿಪಡಿಸಿಕೊಂಡರು. ಗುಬ್ಬಿ ಅತ್ತೆಯ ಔಷಧಿ ಚೀಲ ಹಿಡಿದು ಬಾಗಿಲಲ್ಲಿದ್ದಳು.

“ನೋಡಪ್ಪಾ, ಬೇಜಾರು ಮಾಡ್ಕೋಬೇಡ. ಕೊನೇದಕ್ಕೆ ಬರೀ ಬೇಸ್ ನಿಲ್ಲಿಸಿ ಅದರ ಮೇಲೆ ದೀಪ ಬಿಡೋದು ಅಂತ ಆಗಿದೆ. ನುಡಿಸೋಕೆ ಯಾರೂ ಬೇಡ. ಮಾರನೇ ದಿನ ಬೇಸ್ ಸಭಾಂಗಣದ ಗಾಜಿನ ಪೆಟ್ಟಿಗೆಗೆ ಹೋಗುತ್ತೆ. ಅಮ್ಮನವರು ಒಪ್ಪಿಗೆ ಕೊಟ್ಟಿದ್ದಾರೆ. ಜನರ ಇಷ್ಟಾನೂ ಅದೇ.”

ಅವನು ಬೇಸನ್ನು ಮೆಲ್ಲನೆ ಗೋಡೆಗೆ ಒರಗಿಸಿದ. ತಿರುಗಿ ಗುಬ್ಬಿಯನ್ನು ನೋಡಿದ.

“ಜನರ ಮಾತು ಒಯ್ಯೋರು ನೀವೇ ಅಲ್ವಾ?”

“ನಾನು... ಅವರು ಹೇಳಿದ್ದನ್ನೇ ಹೇಳಿದೆ. ಒಂದು ಮಾತೂ ಸೇರಿಸ್ಲಿಲ್ಲ!”

“ಗೊತ್ತು. ಅದನ್ನೇ ಕೇಳ್ತಿರೋದು. ಒಂದು ಕಛೇರೀನೂ ತಪ್ಪಿಸದೆ ಕೇಳಿದೋರು ನೀವೊಬ್ರೇ. ನಿಮಗೆ ಹೇಳೋಕೆ ಏನೂ ಇರಲಿಲ್ವಾ?”

ಇತ್ತು... ಎದೆ ಒಡೆಯುವಷ್ಟಿತ್ತು! ಆದರೆ ಯಜಮಾನರ ಮುಂದೆ, ಮಾವನ ಬೇಸಿನ ಮುಂದೆ ನಾಲಿಗೆ ಏಳಲಿಲ್ಲ. ಅವಳು ತಲೆತಗ್ಗಿಸಿದಳು.

ಅವನು ಅದನ್ನೇ ಉತ್ತರವೆಂದುಕೊಂಡ.

“ಸರಿ ಬಿಡಿ. ಮೌನದ ಅರ್ಥ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?”

ಕೋಟು ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟ.

ಆಮೇಲೆ ಅವನು ಫೋನ್ ಎತ್ತಲಿಲ್ಲ. ಅತ್ತೆಯ ಉಸಿರು ಕೂಡ ದಿನದಿಂದ ದಿನಕ್ಕೆ ಗಿಡ್ಡವಾಯಿತು. ಡಾಕ್ಟರ್ ಬಾಗಿಲಾಚೆ ನಿಂತು ಗುಬ್ಬಿಗೆ ಹೇಳಿದ ಮಾತಿನಲ್ಲಿ ಆಸೆಗೆ ಎಡೆಯೇ ಇರಲಿಲ್ಲ.

ಕೊನೆಯ ಕಛೇರಿ ಭಾನುವಾರ ಮಧ್ಯಾಹ್ನ. ಸಭಾಂಗಣ ತುಂಬಿ ತುಳುಕಿತ್ತು. ವೇದಿಕೆಯ ನಡುವೆ ಬೆಳಕಿನ ವೃತ್ತ; ಅದರೊಳಗೆ ಒಂಟಿ ಬೇಸ್.

ಗುಬ್ಬಿ ಬಾಗಿಲ ಬಳಿ ನಿಂತು ಕೇಳಿದಳು. ಹಾಡಿನ ಮೇಲೆ ಹಾಡು. ಅಡಿಪಾಯವಿಲ್ಲದ ಮನೆಯಂತೆ ಪ್ರತಿ ಹಾಡೂ ಅವಳ ಕಿವಿಯಲ್ಲಿ ಕುಸಿಯಿತು. ಟ್ರಂಪೆಟ್ ಮುದುಕರು ಎರಡು ಸಲ ಎಡವಿದರು. ಯಾರಿಗಾದರೂ ತಿಳಿಯಿತೇ? ಇಲ್ಲ. ಎಲ್ಲರ ಕಣ್ಣೂ ಆ ದೀಪದ ಮೇಲೆ.

“ಸಾರ್ಥಕವಾಯ್ತು ಜನ್ಮ!” ಎಂದರು ಹೊರಬಂದವರೊಬ್ಬರು.

“ಇಂಥ ಕಛೇರಿ ಮತ್ತೆ ಕೇಳಲ್ಲ ಬಿಡಮ್ಮ,” ಎಂದರು ಇನ್ನೊಬ್ಬರು ಕಣ್ಣೊರೆಸಿಕೊಳ್ಳುತ್ತ.

“ಆ ಇನ್ನೊಬ್ಬ ಹುಡುಗ ಇರಲಿಲ್ವಲ್ಲ, ಒಳ್ಳೇದೇ ಆಯ್ತು.”

ಎಲ್ಲವನ್ನೂ ಅವಳು ಕೇಳಿಸಿಕೊಂಡಳು. ಒಬ್ಬರು, ಒಬ್ಬರಾದರೂ... ಇಲ್ಲ. ಯಾರೂ ಹೇಳಲಿಲ್ಲ.

ಸಭಾಂಗಣ ಖಾಲಿಯಾಯಿತು. ಕೊನೆಯ ಸಾಲಿನ ಮೂಲೆಯ ಕುರ್ಚಿಯಲ್ಲಿ ಒಬ್ಬ ಮಾತ್ರ ಉಳಿದಿದ್ದ. ಕಾಲರ್ ಎತ್ತಿತ್ತು.

ಅವಳ ಕಾಲುಗಳು ತಾವಾಗಿಯೇ ಓಡಿದವು.

“ನೀವು... ಬಂದಿದ್ರಾ?”

“ಟಿಕೆಟ್ ತಗೊಂಡೇ ಬಂದೆ.” ಅವನು ವೇದಿಕೆಯತ್ತ ನೋಡುತ್ತಲೇ ಹೇಳಿದ. “ನಾನಿಲ್ಲ ಅಂತ ಯಾರಿಗೂ ಅನಿಸ್ಲಿಲ್ಲ ನೋಡಿ. ಬೇಸ್ ಮೇಲೆ ಆಣೆ ಇಟ್ಟು ಹೇಳ್ತೀನಿ, ಇನ್ನು ಮುಟ್ಟಲ್ಲ. ಮುಟ್ಟೋಕೆ ಬೇಸಾದ್ರೂ ಎಲ್ಲಿದೆ?”

“ನನಗೆ ಅನಿಸ್ತು.”

ಅವನು ತಿರುಗಿದ.

“ನನಗೆ ಅನಿಸ್ತು ಅಂದೆ! ಮೊದಲ ಹಾಡಿಂದ ಕೊನೇವರೆಗೂ...” ಅವಳು ಅವನ ತೋಳು ಹಿಡಿದೆಳೆದಳು. “ಏಳಿ. ಇಲ್ಲಿ ಹೇಳೋಕೆ ಆಗಲ್ಲ. ಯಾರಿಗೆ ಹೇಳಬೇಕೋ ಅವರು ಮನೇಲಿದ್ದಾರೆ, ಅವರಿಗೆ ಹೆಚ್ಚು ಹೊತ್ತಿಲ್ಲ. ಏಳ್ರೀ!”

ಸಂಜೆಯ ಬೆಳಕು ಅತ್ತೆಯ ಮಂಚದ ಕಾಲಿನವರೆಗೆ ಬಂದು ನಿಂತಿತ್ತು. ಮೂಗಿಗೆ ಆಮ್ಲಜನಕದ ಕೊಳವೆ. ಮಹಡಿ ಹತ್ತಿ ಬಂದ ಇಬ್ಬರಿಗೂ ಏದುಸಿರು. ಆ ಕೋಣೆಯಲ್ಲಿ ಮೂವರೂ ಉಸಿರಿಗಾಗಿ ಒದ್ದಾಡುತ್ತಿದ್ದರು.

“ಯಾರೇ... ಜೊತೇಲಿ?”

“ಬದಲಿ, ಅಮ್ಮ,” ಎಂದ ಅವನೇ.

“ಓ... ಸುಮ್ಮನಿದ್ದಾಗ ಚೆನ್ನಾಗಿರೋನು,” ಎಂದಳು ಅತ್ತೆ. ಕಣ್ಣಲ್ಲಿ ತೆಳ್ಳನೆಯ ನಗು. “ಹೇಳೇ ಗುಬ್ಬಿ.”

ಗುಬ್ಬಿ ನೆಲದ ಮೇಲೆ ಕೂತು, ಮಂಚದ ಅಂಚು ಹಿಡಿದು, ಕೇಳಿದ್ದನ್ನೆಲ್ಲ ಹೇಳಿದಳು. ಸಾರ್ಥಕ ಜನ್ಮದವರನ್ನು, ಕಣ್ಣೊರೆಸಿಕೊಂಡವರನ್ನು, ‘ಒಳ್ಳೇದೇ ಆಯ್ತು’ ಎಂದವರನ್ನೂ ಬಿಡಲಿಲ್ಲ. ಅವನು ಗೋಡೆಗೊರಗಿ ಎಲ್ಲವನ್ನೂ ಕೇಳಿದ.

“ನಿನ್ನದು?” ಎಂದಳು ಅತ್ತೆ.

ಅವಳು ಕಣ್ಣು ಮುಚ್ಚಿದಳು.

“ಇವರು ಮಾವನ ಥರ ನುಡಿಸಲ್ಲ ಅತ್ತೆ. ಮಾವ ಎಲ್ಲರಿಗಿಂತ ಮುಂದೆ ಹೋಗಿ ಕೈಹಿಡಿದು ಎಳೀತಿದ್ರು. ಇವರು ಹಿಂದೆ ನಿಂತು ಯಾರೂ ಬೀಳದ ಹಾಗೆ ನೋಡ್ಕೋತಾರೆ. ಆ ಟ್ರಂಪೆಟ್ ಅಜ್ಜನಿಗೆ ಉಸಿರು ಸಾಲದೇ ಹೋದಾಗೆಲ್ಲ, ಇವರು ಒಂದು ಸ್ವರ ಹಿಡ್ಕೊಂಡು ಅವರು ಬರೋವರೆಗೂ ಕಾಯ್ತಿದ್ರು. ಯಾರಿಗೂ ಗೊತ್ತಾಗ್ತಿರಲಿಲ್ಲ. ಇವತ್ತು ಕಾಯೋರು ಯಾರೂ ಇರಲಿಲ್ಲ. ಅಜ್ಜ ಬಿದ್ದರು... ನಾನೂ ಬಿದ್ದೆ. ಜನ ಮೌನ ಚೆನ್ನಾಗಿತ್ತು ಅಂದ್ರು. ನನಗೆ ಇವರ ಬೇಸ್ ಇಷ್ಟ ಅತ್ತೆ. ಮಾವಂದಕ್ಕಿಂತ ಇಷ್ಟ. ಇವರೂ... ಇವರೂ ಇಷ್ಟ.”

ಅತ್ತೆ ದಿಂಬಿನ ಮೇಲೆ ತಲೆಯನ್ನು ಅವಳತ್ತ ಹೊರಳಿಸಿದಳು.

“ಇಷ್ಟು ದಿನ ಯಾಕೆ ಹೇಳ್ಲಿಲ್ಲ?”

“ನಿಮ್ಮನ್ನ, ಮಾವನ್ನ ಮರೆತೆ ಅಂದ್ಕೋತೀರಿ ಅಂತ.”

“ಹುಚ್ಚೀ...” ಅತ್ತೆಯ ಕಣ್ಣಂಚಿನಿಂದ ನೀರು ಕಿವಿಗೆ ಇಳಿಯಿತು. “ಅವರ ಬೇಸ್ ನಂಗೇ ಎಷ್ಟೋ ದಿನ ಹಿಡಿಸ್ತಿರಲಿಲ್ಲ. ಮುಖದ ಮೇಲೇ ಹೇಳ್ತಿದ್ದೆ. ಅದಕ್ಕೇ... ನನ್ನನ್ನ ಕಟ್ಕೊಂಡ್ರು.”

ಉಸಿರಿಗಾಗಿ ನಿಂತಳು. ನಿಧಾನವಾಗಿ ಅವನತ್ತ ಕೈ ಚಾಚಿದಳು.

“ತಪ್ಪಾಯ್ತಪ್ಪಾ. ಬೇಸ್ ಕೊಟ್ಟುಬಿಟ್ಟೆ. ಇನ್ನು ನನ್ನ ಕೈಲಿಲ್ಲ.”

“ಹೋಗ್ಲಿ ಬಿಡಿ ಅಮ್ಮ,” ಎಂದು ಅವನು ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅವನ ಬೆರಳ ತುದಿಗಳು ತಂತಿ ಉಜ್ಜಿ ಉಜ್ಜಿ ಗಟ್ಟಿಯಾಗಿದ್ದವು. ಬೇಸ್ ಇಲ್ಲದೆ ಅವು ಮೆತ್ತಗಾಗಲು ಇನ್ನು ಹೆಚ್ಚು ದಿನ ಬೇಕಿರಲಿಲ್ಲ. ಅದು ಮೂವರಿಗೂ ಗೊತ್ತಿತ್ತು.

“ಎಲ್ಲರದೂ ಆಯ್ತೇನೇ?” ಎಂದಳು ಅತ್ತೆ, ಕಣ್ಣು ಮುಚ್ಚುತ್ತ.

“ಆಯ್ತು ಅತ್ತೆ.”

“ಇಲ್ಲ ಅಮ್ಮ,” ಎಂದ ಅವನು. “ಇವತ್ತು ನಾನೂ ಕೇಳೋಕೆ ಬಂದವನೇ. ನನ್ನದೂ ಒಂದು ಸೇರಿಸ್ಕೊಳ್ಳಿ.”

“ಹೇಳು.”

“ವೇದಿಕೆ ಕಡೆ ನಾನು ನೋಡ್ಲೇ ಇಲ್ಲ. ಬಾಗಿಲ ಹತ್ತಿರ ಒಬ್ಬಳು ಅಳ್ತಾ ನಿಂತಿದ್ಲು. ಎಲ್ಲರೂ ಅಳೋ ಕಡೆ ಅಲ್ಲ, ಬೇಸ್ ಬರಬೇಕಾದ ಕಡೆಯೆಲ್ಲ ಅತ್ಲು. ಒಂದು ಜಾಗಾನೂ ತಪ್ಪಿಸ್ಲಿಲ್ಲ. ಮಾವನಿಗೋಸ್ಕರ ಅಂದ್ಕೊಂಡಿದ್ದೆ, ಯಾರಿಗೋಸ್ಕರ ಅಂತ ಈಗ ಗೊತ್ತಾಯ್ತು. ನನ್ನನ್ನ ಅಷ್ಟು ಸರಿಯಾಗಿ ಕೇಳಿಸ್ಕೊಂಡೋರು ಹುಟ್ಟಿದ ಮೇಲೆ ಇವಳೊಬ್ಬಳೇ.”

ಗುಬ್ಬಿ ತಲೆಯೆತ್ತಲಿಲ್ಲ. ಅವನ ಒಂದು ಕೈ ಅತ್ತೆಯ ಕೈ ಬಿಟ್ಟು ಅವಳ ತಲೆಯ ಮೇಲೆ ಬಂದು ಕೂತಿತು. ಹಾಗೇ ಇತ್ತು.

“ಹಾಂ...” ಎಂದಳು ಅತ್ತೆ. “ಈಗ ಎಲ್ಲರದೂ ಆಯ್ತು.”