ನೆಟ್ಟಗಿನ ಹೊಲಿಗೆ

ಅಂದು ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಎದುರುಮನೆಯ ಕಿಟಕಿ ಒಗೆದೊಗೆದು ಬಣ್ಣಗೆಟ್ಟ ಬಟ್ಟೆಯ ಹಾಗೆ ಕಾಣುತ್ತಿತ್ತು. ಇಂಥ ಚಳಿಯಲ್ಲಿ ಟೈಲರ್ ಅಂಗಡಿಯವಳ ಸಂಧಿವಾತದ ಬೆರಳು ಬೇಗ ಬಿಡಿಸಿಕೊಳ್ಳುವುದಿಲ್ಲವೆಂಬುದು ಹೊಲಿಗೆ ಮೆಷಿನ್ ರಿಪೇರಿಯವನಿಗೆ ಬಾಯಿಪಾಠ. ಆರು ತಿಂಗಳಿಂದ ಆ ಅಂಗಡಿಯ ಮೆಟ್ಟಿಲು ಸವೆಸಿದ್ದಾನಲ್ಲ!

ಅವಳು ಬಿಸಿನೀರಿನ ಬೋಗುಣಿಯಲ್ಲಿ ಕೈ ಅದ್ದಿ ಕೂತಿದ್ದಳು. ಗೆಣ್ಣುಗೆಣ್ಣಿಗೂ ಊತ. ಆದರೂ ಅವನನ್ನು ಕಂಡದ್ದೇ ಕಣ್ಣಂಚಿನಲ್ಲಿ ತುಂಟತನ ಮಿನುಗಿತು.

"ಇವತ್ತು ಯಾಕೆ ಸವಾರಿ?"

"ಮೆಷಿನ್ನಿಗೆ ಎಣ್ಣೆ ಹಾಕೋಕೆ."

"ಹೋದ ವಾರ ಹಾಕಿದ್ದನ್ನ ಮೆಷಿನ್ ಕುಡಿದುಬಿಡ್ತಾ?"

"ಕುಡುಕ ಮೆಷಿನ್ ರೀ ಅದು."

ಅವಳು ನಕ್ಕಳು. ನಗು ಅರ್ಧದಲ್ಲೇ ನೋವಾಗಿ ತಿರುಗಿತು. ಅವನ ಪ್ರಶ್ನೆಗೆ ಇವತ್ತು ಉತ್ತರ ಕೊಡುವುದಾಗಿ ಅವಳು ಹೇಳಿದ್ದಳು. ಮದುವೆಯಾಗೋಣವೇ ಎಂದು ಅವನು ಕೇಳಿ ಎಂಟು ದಿನವಾಗಿತ್ತು.

ಅವಳ ಅಕ್ಕ ಅವನನ್ನು ಬಾಗಿಲಾಚೆ ಕರೆದಳು. ದನಿ ತಗ್ಗಿಸಿದಳು. "ಹದಿನೈದು ದಿನ ಮಾತ್ರೇನೇ ನುಂಗಿಲ್ಲ ಕಣಪ್ಪ ಇವಳು. ನಿನ್ನೆ ಗೊತ್ತಾಯ್ತು."

"ಯಾಕಕ್ಕ?"

"ಆ ಫೋನಲ್ಲಿ, ಇವಳ ವಿಡಿಯೋ ಕೆಳಗೆ ಯಾವನೋ ಬರೆದನಂತೆ, ನೋವು ನಿಜ ಆದ್ರೆ ಮಾತ್ರೆ ಬಿಟ್ಟು ತೋರಿಸು, ಆಗ ನಂಬ್ತೀವಿ ಅಂತ. ಇವಳು ತೋರಿಸೋಕೆ ಹೊರಟಳು. ನಿದ್ದೆ ಇಲ್ಲ, ಅನ್ನ ಸೇರಲ್ಲ. ಬಲಗೈಯ ಎರಡು ಬೆರಳು ಇನ್ನು ನೆಟ್ಟಗಾಗಲ್ಲ ಅಂದ್ರು ಡಾಕ್ಟರು." ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಕ್ಕೆ ಹೋದಳು.

ಆ ಕಾಡುಗಿಚ್ಚಿಗೆ ಮೊದಲ ಕಡ್ಡಿ ಗೀರಿದವನು ಅವನೇ.

ವರ್ಷದ ಕೆಳಗೆ ಅವಳೊಂದು ವಿಡಿಯೋ ಹಾಕಿದ್ದಳು. ಸಂಧಿವಾತದವರು ಕತ್ತರಿಯ ಹಿಡಿಗೆ ಬಟ್ಟೆ ಸುತ್ತಿಕೊಂಡು ಹೇಗೆ ಕತ್ತರಿಸಬೇಕು, ಹೇಗೆ ಹೊಲಿಯಬೇಕು ಎಂದು. ಆಗ ಅವಳ ಪರಿಚಯವಿರದ ಅವನು 'ಸೂಜಿಮೊನೆ' ಎಂಬ ಸುಳ್ಳು ಹೆಸರಿನಲ್ಲಿ ಬರೆದಿದ್ದ: 'ಇಪ್ಪತ್ತು ವರ್ಷ ಮೆಷಿನ್ ರಿಪೇರಿ ಮಾಡಿದವನ ಮಾತು. ನೋವಿರೋ ಕೈ ಇಷ್ಟು ನೆಟ್ಟಗೆ ಹೊಲಿಯಲ್ಲ. ನಾಟಕ.' ಬಲ್ಲವನ ಮಾತೆಂದು ಜನ ಅದನ್ನೇ ಎತ್ತಿಕೊಂಡರು. ಒಬ್ಬನ ಉಗುಳು ಸಾವಿರ ಬಾಯಿಯ ಮಳೆಯಾಯಿತು.

ಕೆಲಸದ ಮೇಲೆ ಮೊದಲ ಸಲ ಈ ಅಂಗಡಿಗೆ ಬಂದ ದಿನ ಅವನು ವಿಡಿಯೋದವಳ ಗುರುತು ಹಿಡಿದ; ಅವಳ ಕಾಲಬುಡದಲ್ಲಿ ಬಿಚ್ಚಿದ ದಾರದ ರಾಶಿ ಕಂಡ. ಅವಳು ಪ್ರತಿ ಹೊಲಿಗೆಯನ್ನೂ ಎರಡು ಸಲ, ಮೂರು ಸಲ ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು. ನೆಟ್ಟಗಾಗುವವರೆಗೆ, ಹಲ್ಲು ಕಚ್ಚಿಕೊಂಡು. ದೇವರು ಕಣ್ಣು ತೆರೆಸುವುದು ಕೆಲವೊಮ್ಮೆ ಹೀಗೆ, ತಡವಾಗಿ. ಹೇಳಬೇಕೆಂದು ಬಾಯಿ ತೆರೆದಾಗಲೆಲ್ಲ ಅವಳು ಏನಾದರೂ ಹೇಳಿ ನಗುತ್ತಿದ್ದಳು. ಆ ನಗುವಿನ ಆಸೆಗೆ ಅವನು ಹೇಡಿಯಾದ.

ಒಳಗೆ ಬಂದು ಅವಳೆದುರು ಸ್ಟೂಲಿನ ಮೇಲೆ ಕೂತ.

"ನಿಮ್ಮ ಉತ್ತರ ಆಮೇಲೆ. ಮೊದಲು ನಂದೊಂದು ಕೇಳಿ. ಆ 'ಸೂಜಿಮೊನೆ'..."

"ಅವನ ಹೆಸರೆತ್ತಬೇಡಿ."

"ಅದು ನಾನೇ."

ಬೋಗುಣಿಯ ನೀರು ಅಲುಗುವುದು ನಿಂತಿತು. ಅವಳು ಅವನ ಕೈಗಳನ್ನು ನೋಡಿದಳು.

"ಆರು ತಿಂಗಳು ನನ್ನ ಪಕ್ಕ ಕೂತು ನಕ್ಕಿದೀರಲ್ರೀ."

"ಹೂಂ."

"ಆ ಒಂದು ಮಾತು ನಾನೂ ನಂಬಿಬಿಟ್ಟಿದ್ದೆ, ಗೊತ್ತಾ? ಬಲ್ಲವರು ಹೇಳ್ತಿದಾರೆ, ನನ್ನ ನೋವೇ ಸುಳ್ಳಿರಬಹುದು ಅಂತ." ಅವಳು ಅಳಲಿಲ್ಲ. ಅತ್ತಿದ್ದರೆ ಅವನಿಗೆ ಹಗುರವಾಗುತ್ತಿತ್ತು.

"ಕ್ಷಮಿಸಿ ಅನ್ನೋ ಮುಖ ನನಗಿಲ್ಲ."

"ನನ್ನೊಬ್ಬಳಿಗೆ, ಈ ನಾಲ್ಕು ಗೋಡೆ ಒಳಗೆ ಹೇಳಿದ್ರೆ ಆಯ್ತಾ? ನೀವು ಅಂದದ್ದು ಸಂತೇಲಿ."

ಅವನು ಫೋನು ತೆಗೆದ. ಅವಳಿಗೆ ಕೇಳುವಂತೆ ಹೇಳುತ್ತ, ಒರಟು ಬೆರಳಿಂದ ಒಂದೊಂದೇ ಅಕ್ಷರ ಒತ್ತಿದ. ತನ್ನ ನಿಜ ಹೆಸರು, ತನ್ನ ರಿಪೇರಿ ಅಂಗಡಿಯ ವಿಳಾಸ, ಬೋರ್ಡಿನ ಫೋಟೋ. 'ಆ ಮಾತು ನನ್ನದು, ಆ ಮಾತೇ ಸುಳ್ಳು. ಈ ಹೊಲಿಗೆ ನೆಟ್ಟಗಿರುವುದು ಮೂರು ಸಲ ಬಿಚ್ಚಿ ಹೊಲಿದದ್ದಕ್ಕೆ. ನಾನು ಕಣ್ಣಾರೆ ಕಂಡಿದ್ದೇನೆ.'

"ಇನ್ಮೇಲೆ ನಿಮ್ಮ ಬಾಗಿಲಿಗೂ ಬಂದು ಉಗೀತಾರೆ," ಅಂದಳು.

"ಉಗೀಲಿ."

"ಗಿರಾಕಿ ಹೋಗ್ತಾರೆ."

"ಹೋಗ್ಲಿ."

ಅವಳು ಕೈ ಮೇಲೆತ್ತಿದಳು. ಮಡಚಿದ ಎರಡು ಬೆರಳಿಂದ ನೀರು ತೊಟ್ಟಿಕ್ಕುತ್ತಿತ್ತು. "ಇವತ್ತು ಉತ್ತರ ಕೇಳ್ಬೇಡಿ."

"ಕೇಳಲ್ಲ."

"ನಾಳೆ ಬರ್ಬೇಡಿ ಅಂತಾನೂ ನಾನು ಹೇಳಿಲ್ಲ."

ಅವನು ತಲೆಯೆತ್ತಲಿಲ್ಲ. ಅದೇ ಹಳೆಯ ವಿಡಿಯೋದ ಕೆಳಗೆ, ತಾನು ಅಂದು ಬರೆದ ಸಾಲಿನ ಪಕ್ಕದಲ್ಲೇ, ಬರೆದದ್ದನ್ನು ಹಾಕಿದ. ಫೋನನ್ನು ಅವಳು ಹಿಡಿಯಬೇಕಾಗದಂತೆ, ಅವಳಿಗೆ ಓದಲಾಗುವಂತೆ ತಿರುಗಿಸಿ, ಮೇಜಿನ ಮೇಲೆ ಮೆಲ್ಲನೆ ಇಟ್ಟ.