ಗುಂಡು ಹಾರಿಸದ ಬೇಟೆಗಾರ

ಹಿಮಬೆಟ್ಟ ಬರಬೇಕಾದ ಜಾಗದಲ್ಲಿ ಹುಲ್ಲುಗಾವಲು ಬಂದು ಕುಳಿತಿತ್ತು.

ಇನಾಯತ್ ಕಣ್ಣುಜ್ಜಿಕೊಂಡು ಮತ್ತೊಮ್ಮೆ ಪರದೆ ನೋಡಿದ. ತಪ್ಪಿಲ್ಲ. ಶುಕ್ರವಾರ ಮಧ್ಯಾಹ್ನ ಒಂದು ಇಪ್ಪತ್ತಕ್ಕೆ ಯಾರೋ ಗುಂಡಿ ಒತ್ತಿದ್ದಾರೆ. ಖಾತೆ ಖಾಲಿ.

"ಹೇಮಂತಾ, ಲಗೂನ ಬಾ ಇಲ್ಲೆ! ಯಾರೋ ನಮ್ಮ ಹಿಮಬೆಟ್ಟಕ್ಕ ಕಲ್ಲ ಹಾಕ್ಯಾರ!"

ಗುಡಗೇರಿ ಸ್ಟೇಷನ್ ರಸ್ತೆಯ ಈ ಅಂಗಡಿ ಇನಾಯತ್ ಮತ್ತು ಹೇಮಂತ ಪಾಲಿನಲ್ಲಿ ನಡೆಸುವುದು. ಹಗಲೆಲ್ಲ ಪಹಣಿ, ಜಾತಿ ಪತ್ರ, ಝೆರಾಕ್ಸು. ಸಂಜೆಯಾದರೆ ಮೂಲೆಯ ಕಂಪ್ಯೂಟರಿನಲ್ಲಿ ಬೇಟೆ ಆಟ. ಆರು ಜನ ಗೆಳೆಯರು ಕೂಡಿ ಒಂದೇ ಖಾತೆಯಲ್ಲಿ ಆಡುತ್ತಾರೆ. ಆಟದ ಜೊತೆಗೆ ಬಂದದ್ದು ಒಂದೇ ಕಾಡು. ಅದರ ಗಿಡ ಗಿಡವೂ ಇವರಿಗೆ ಬಾಯಿಪಾಠ. ಹೊಸ ಕಾಡು ಬೇಕೆಂದರೆ ಬೇರೆಯಾಗಿ ಕೊಳ್ಳಬೇಕು. ಅದಕ್ಕೆಂದೇ ಆರೂ ಜನ ಖಾತೆಗೆ ದುಡ್ಡು ಕೂಡಿಹಾಕಿದ್ದರು. ಹಿಮಬೆಟ್ಟವೋ, ಜೌಗು ನೆಲವೋ, ಹುಲ್ಲುಗಾವಲೋ? ಒಂದು ಮದುವೆಗೆ ಹೆಣ್ಣು ನೋಡುವಷ್ಟು ಚರ್ಚೆ ತಿಂಗಳಿಡೀ ನಡೆದಿತ್ತು. ಗುರುವಾರ ಕೈ ಎತ್ತಿಸಿದರು. ಹಿಮಬೆಟ್ಟಕ್ಕೆ ಆರು. ಹುಲ್ಲುಗಾವಲಿಗೆ ಒಂದು. ಆ ಒಂದು ಕೈ ಅಂಗಡಿಯಲ್ಲಿ ಅರ್ಜಿ ತುಂಬುವ ಸೌಂದರ್ಯಾಳದು. ಶುಕ್ರವಾರ ಸಂಜೆ ಎಲ್ಲರೂ ಕೂಡಿದ ಮೇಲೆ ಗುಂಡಿ ಒತ್ತುವುದೆಂದು ಮಾತಾಗಿತ್ತು.

ಹೇಮಂತ ಪರದೆ ನೋಡಿದ. ಆಮೇಲೆ ಸೌಂದರ್ಯಾಳನ್ನು ನೋಡಿದ.

"ಕೀಲಿ ಯಾರ ಕಡೆ ಇತ್ತು?"

"ನನ್ನ ಕಡೇನ ಇತ್ರಿ. ಆದ್ರ..."

"ಹುಲ್ಲುಗಾವಲ ಯಾರಿಗೆ ಬೇಕಾಗಿತ್ತು?"

ಸೌಂದರ್ಯಾಳ ಮುಖ ಸುಟ್ಟ ಹಾಗಾಯಿತು. "ಚಿಗರಿ ಚಂದ ಕಂಡಾವಂತ ಕೈ ಎತ್ತಿದ್ನಿ. ಅಷ್ಟ. ಕದಿಯೂ ಕೆಲಸಾ ನಾ ಮಾಡೂದಿಲ್ರಿ."

"ನಾಳಿಂದ ಬರಬ್ಯಾಡ ನೀ."

ಆ ಮಾತಿಗೆ ಅವಳು ಕೈಯಲ್ಲಿದ್ದ ಅರ್ಜಿ ಕೆಳಗಿಟ್ಟಳು. ಈ ಕೆಲಸಕ್ಕೆ ಅವಳ ಅಪ್ಪ ಶಿದ್ಲಿಂಗಪ್ಪ ಆರು ತಿಂಗಳು ಒಪ್ಪಿರಲಿಲ್ಲ. ಒಪ್ಪಿದಾಗಲೂ ಒಂದು ಷರತ್ತು ಹಾಕಿದ್ದ. ಒಂದೇ ಒಂದು ಮಾತು ಬಂದರೂ ಮನೆಯಲ್ಲಿ ಕೂರಬೇಕು. ಐದೂವರೆಗೆ ಅವನು ಮಗಳನ್ನು ಕರೆದೊಯ್ಯಲು ಬೈಕಿನಲ್ಲಿ ಬರುತ್ತಾನೆ. ಈಗ ನಾಲ್ಕೂ ಕಾಲು.

ಫ್ಯಾನಿನ ಕೆಳಗೆ ಗಾಲಿಕುರ್ಚಿಯಲ್ಲಿದ್ದ ಇನಾಯತನ ಅಪ್ಪ ಅಕ್ಬರಸಾಬ ಕುರ್ಚಿಯ ತೋಳು ಬಡಿಯತೊಡಗಿದ. ಲಕ್ವಾ ಹೊಡೆದು ಎರಡು ವರ್ಷ. ಬಲಗಡೆ ಮೈ ಬಿದ್ದಿದೆ, ಮಾತು ಹೋಗಿದೆ.

"ಅಮ್ಮಿ, ಅಬ್ಬಾಗ ನೀರು!" ಎಂದು ಇನಾಯತ್ ಕೂಗಿದ.

ಅಂಗಡಿಯ ಹಿಂದೆಯೇ ಮನೆ. ತಾಯಿ ಜಮಾಲಬಿ ಲೋಟ ತಂದಳು. ಅಕ್ಬರಸಾಬ ಲೋಟವನ್ನು ತಳ್ಳಿಬಿಟ್ಟ. ನೀರು ನೆಲದ ಪಾಲಾಯಿತು. "ಇವತ್ತ ಯಾಕೋ ಹಟಾ ಮಾಡಾಕತ್ತಾರ" ಎಂದು ಆಕೆ ನೆಲ ಒರೆಸಿದಳು.

"ನಂದು ಒಂದ ಮಾತೈತಿ" ಎಂದಿತು ಬೆಂಚಿನ ಮೇಲಿನ ಒಂದು ದನಿ.

* * *

ದನಿ ಮಡಿವಾಳೆಪ್ಪನದು. ನಿವೃತ್ತ ಹವಾಲ್ದಾರ. ನೌಕರಿಯಲ್ಲಿದ್ದಾಗ ಕಳುವಾದ ಎತ್ತುಗಳನ್ನು ಗೊರಸಿನ ಗುರುತಿನ ಮೇಲೆ ಮೂರು ತಾಲ್ಲೂಕು ದಾಟಿ ಹಿಡಿದು ತಂದವನು. ಇವತ್ತು ಅವನು ಬಂದದ್ದು ತಾನು ಬದುಕಿದ್ದೇನೆಂದು ಸರ್ಕಾರಕ್ಕೆ ತೋರಿಸಲು. ಪ್ರತಿ ನವೆಂಬರಿನಲ್ಲಿ ಹೆಬ್ಬೆಟ್ಟು ಒತ್ತಿ ಜೀವಂತ ಪ್ರಮಾಣ ಪತ್ರ ಕೊಡಬೇಕು. ಇಲ್ಲವಾದರೆ ಸತ್ತಂತೆಯೇ ಲೆಕ್ಕ.

"ಆ ಹುಡುಗಿ ನನ್ನ ಹೆಬ್ಬೆಟ್ಟ ಒತ್ತಿಸಿಕೊಳ್ಳೂ ತನಕಾ ಆಕೀನ್ನ ಬಿಡಸಬ್ಯಾಡ್ರಿ" ಎಂದು ಎದ್ದು ಬಂದ. "ಏನ ಕಳುವಾತು, ಮೊದಲ ಅದನ್ನ ಹೇಳ್ರಿ. ಕಾಡ ಕಳುವಾತು ಅಂದ್ರ ಎಫ್‌.ಐ.ಆರ್. ಹೆಂಗ ಬರೀಲಿ?"

ಸೌಂದರ್ಯಾ ಮೂಗು ಒರೆಸಿಕೊಂಡು ವಿವರಿಸಿದಳು. ಹವಾಲ್ದಾರ ಗಂಭೀರವಾಗಿ ಕೇಳಿದ.

"ಕಾಡು ಬ್ಯಾರೆ, ಬಂದೂಕು ಬ್ಯಾರೆ, ಪ್ರಾಣಿ ಬ್ಯಾರೆ ಕೊಳ್ಳಬೇಕಾ? ನಮ್ಮ ಸಂತ್ಯಾಗ ಇದಕ್ಕಿಂತ ಛಲೋ ಐತಿ, ಬದನೀಕಾಯಿ ಜೊತಿ ಕರಿಬೇವು ಪುಕಟ. ಇರ್ಲಿ. ಮಧ್ಯಾಹ್ನ ಯಾರ್ಯಾರು ಎಲ್ಲೆಲ್ಲಿ ಇದ್ರಿ?"

ಶುಕ್ರವಾರ ಒಂದು ಗಂಟೆಗೆ ಶಟರ್ ಇಳಿಯುತ್ತದೆ. ಇನಾಯತ್ ನಮಾಜು ಮುಗಿಸಿ, ಹಾಗೇ ಕುಂದಗೋಳಕ್ಕೆ ಹೋಗಿ ಪ್ರಿಂಟರಿನ ಶಾಯಿ ತಂದಿದ್ದ. ಹೇಮಂತ ಅಕ್ಕನನ್ನು ರೈಲು ಹತ್ತಿಸಲು ಸ್ಟೇಷನ್ನಿಗೆ ಹೋಗಿದ್ದ. ಸೌಂದರ್ಯಾ ಬೀಗ ಹಾಕಿ ಊಟಕ್ಕೆ ಹೋಗಿದ್ದಳು. ನಾಲ್ಕಕ್ಕೆ ಅವಳೇ ಬಂದು ತೆರೆದದ್ದು.

"ಹಿಂದಿನ ಬಾಗಿಲು?"

"ಹಿತ್ತಲದ್ದು ಒಳಗಿಂದ ಚಿಲಕಾ ಹಾಕಿತ್ರಿ" ಎಂದಳು ಜಮಾಲಬಿ. "ಇವರಿಗೆ ಉಣಿಸಿ, ಇಲ್ಲೆ ಫ್ಯಾನಿನ ಬುಡಕ ಬಿಟ್ಟು, ನಾ ಒಳಗ ಅಡ್ಡಾಗಿದ್ದೆ. ಅಂಗಡ್ಯಾಗ ಯಾರೂ ಇರಲಿಲ್ರಿ."

"ನೋಡ್ರಿ ಮತ್ತ!" ಎಂದ ಹೇಮಂತ. "ಯಾರೂ ಇರಲಿಲ್ಲ. ಕೀಲಿ ಇದ್ದದ್ದು ಈಕಿ ಕಡೆ."

ಮಡಿವಾಳೆಪ್ಪ ಮೂಲೆಯ ಕಂಪ್ಯೂಟರಿನ ಮುಂದೆ ಬಗ್ಗಿದ. ಏನನ್ನೂ ಮುಟ್ಟಲಿಲ್ಲ.

"ಈ ಮೌಸು ಯಾವಾಗ್ಲೂ ಎಡಕ್ಕ ಇರತೈತಿ?"

"ಇಲ್ರಿ, ಬಲಕ್ಕ" ಎಂದ ಇನಾಯತ್. ನಂತರ ಹೇಮಂತನ ಕಡೆ ನೋಡಿದ. ಅಂಗಡಿಯಲ್ಲಿ ಎಡಚ ಒಬ್ಬನೇ ಇದ್ದ.

ಹೇಮಂತ ಎಡಗೈಯನ್ನು ಕಿಸೆಗೆ ತುರುಕಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ. "ನಾ ಯಾಕ ಮಾಡ್ಲಿ? ರೈಲು ತಡಾ ಆತು. ಮೂರೂವರಿತನಕಾ ಪ್ಲಾಟ್‌ಫಾರ್ಮಿನ್ಯಾಗ ಇದ್ದೆ. ಅಕ್ಕನ ಮಗನ ಫೋಟೋ ತಗದೇನಿ, ಟೈಮ್ ನೋಡ್ರಿ."

ಫೋಟೋ ನೋಡಿದರು. ಒಂದು ಇಪ್ಪತ್ತು, ಎರಡು ನಲವತ್ತು, ಮೂರು ಇಪ್ಪತ್ತು. ಕೂಸು ಮೂರರಲ್ಲೂ ಅಳುತ್ತಿತ್ತು. ಹೇಮಂತ ಬಚಾವಾದ. ಜಮಾಲಬಿ ರೊಟ್ಟಿ ಬಡಿಯಲು ಒಳಗೆ ಹೋದಳು.

* * *

"ಕಳ್ಳ ಕದ್ದ ಮ್ಯಾಲ ಏನ ಮಾಡಿದ?" ಎಂದು ಕೇಳಿದ ಮಡಿವಾಳೆಪ್ಪ.

ಅದು ಯಾರಿಗೂ ಹೊಳೆದಿರಲಿಲ್ಲ. ಸೌಂದರ್ಯಾ ಆಟದ ದಿನಚರಿ ತೆರೆದಳು. ಆಟ ಪ್ರತಿ ಬೇಟೆಯ ವಿವರವನ್ನು ಗಾಳಿಯ ದಿಕ್ಕಿನ ಸಮೇತ ಬರೆದಿಡುತ್ತದೆ.

"ಒಂದು ನಲವತ್ತಕ್ಕ ಶುರು, ಮೂರು ಮೂವತ್ತೈದಕ್ಕ ಮುಗದೈತ್ರಿ. ನಡದದ್ದು ಒಂಬತ್ತು ಕಿಲೋಮೀಟರು. ಕಂಡ ಚಿಗರಿ ನಲವತ್ತೆರಡು." ಅವಳು ಪರದೆಗೆ ಬಗ್ಗಿದಳು. "ಹಾರಿಸಿದ ಗುಂಡು, ಸೊನ್ನಿ."

"ಒಂದೂ ಇಲ್ಲಾ?" ಹೇಮಂತ ನಕ್ಕ. "ಎಂಥಾ ದಡ್ಡ ಬೇಟೆಗಾರ! ನಲವತ್ತೆರಡೂ ವಾಸನಿ ಹಿಡದು ಓಡ್ಯಾವ ನೋಡ್ರಿ. ಗಾಳಿ ಎದುರಿಗಿಟ್ಕೊಂಡು ಹೋಗಬೇಕು, ಅಂದ್ರ ನಮ್ಮ ವಾಸನಿ ಪ್ರಾಣಿಗೆ ಹೋಗೂದಿಲ್ಲ. ಇದು ಮೊದಲನೇ ಪಾಠ. ಇಂವ ಪ್ರತಿ ಸಲಾ ಗಾಳಿ ಬೆನ್ನಿಗಿಟ್ಕೊಂಡ ಹೋಗ್ಯಾನ."

"ಪ್ರತಿ ಸಲಾ?"

"ನಲವತ್ತೆರಡಕ್ಕ ನಲವತ್ತೆರಡೂ."

ಮಡಿವಾಳೆಪ್ಪನ ಹುಬ್ಬು ಮೇಲೇರಿತು. "ದಡ್ಡಗ ಒಮ್ಮೆರೆ ಗಾಳಿ ಸರಿ ಬರತಿತ್ತಪಾ. ನಡದ ಹಾದಿ ತೋರಸತೈತಿ ಇದು?"

ನಕ್ಷೆ ಬಂತು. ಹಳದಿ ಹುಲ್ಲುಗಾವಲು. ನಡುವೆ ಯಾರದೋ ಬೆಳೆದು ನಿಂತ ಪೈರು. ಕೆಂಪು ಗೆರೆಯೊಂದು ಆ ಪೈರಿನ ಸುತ್ತ ಏಳು ಸುತ್ತು ಹಾಕಿತ್ತು. ಅಂಚಿನಲ್ಲೇ ನಡೆದಿತ್ತು, ಮೂಲೆಯಲ್ಲೇ ತಿರುಗಿತ್ತು. ಒಮ್ಮೆಯೂ ಪೈರಿನೊಳಗೆ ಕಾಲಿಟ್ಟಿರಲಿಲ್ಲ.

"ದಿಕ್ಕ ತಪ್ಪಿರಬೇಕ್ರಿ" ಎಂದ ಇನಾಯತ್.

"ದಿಕ್ಕ ತಪ್ಪಿದಾಂವ ಏಳ ಸಲ ಅದ ಹಾದಿ ತುಳಿಯಾಂಗಿಲ್ಲ." ಹವಾಲ್ದಾರನ ದನಿ ಮೆತ್ತಗಾಗಿತ್ತು. ಅವನು ಪರದೆ ಬಿಟ್ಟು ನೆಲ ನೋಡುತ್ತಿದ್ದ. "ಈ ಸ್ಟೂಲಿನ ಮ್ಯಾಲಿನ ಝೆರಾಕ್ಸ್ ಕಟ್ಟು ಯಾರ ಇಟ್ರು?"

"ನಾನ್ರಿ. ಒಂದ ಗಂಟೇಕ, ಹೋಗೂ ಮುಂದ. ಇಟ್ಟಲ್ಲೇ ಐತ್ರಿ" ಎಂದಳು ಸೌಂದರ್ಯಾ.

"ಅಂದ್ರ ಕಳ್ಳ ಸ್ಟೂಲಿನ ಮ್ಯಾಲ ಕುಂತಿಲ್ಲ. ಬ್ಯಾರೆ ಕುರ್ಚಿ ಎಳದಾನ?"

"ಇಲ್ಲಿ ಬ್ಯಾರೆ ಕುರ್ಚಿನ ಇಲ್ರಿ."

"ಎರಡ ತಾಸು ನಿಂತ ಆಡಿದ್ನಾ?"

ಗಡಿಯಾರ ಐದೂ ಹತ್ತು ತೋರಿಸುತ್ತಿತ್ತು. ಸೌಂದರ್ಯಾ ರಸ್ತೆಯ ಕಡೆ ನೋಡಿದಳು. ಗಾಲಿಕುರ್ಚಿಯ ತೋಳು ಮತ್ತೆ ಸದ್ದು ಮಾಡಿತು. ಇನಾಯತ್ ನೀರಿನ ಲೋಟಕ್ಕೆ ಕೈ ಹಾಕಿದ.

"ನೀರ ಬ್ಯಾಡ ಅಂವಗ" ಎಂದ ಮಡಿವಾಳೆಪ್ಪ. "ಎಲ್ಲಾರಿಗೂ ಕಡೀ ಸಲ ಕೇಳತೇನಿ. ಒಂದರಿಂದ ನಾಕರತನಕಾ ಅಂಗಡ್ಯಾಗ ಯಾರ ಇದ್ರು?"

"ಯಾರೂ ಇರಲಿಲ್ರಿ" ಎಂದರು, ಮೂವರೂ ಒಟ್ಟಿಗೆ.

"ಬಗಲಾಗ ಕೂಸ ಇಟ್ಕೊಂಡು ಊರೆಲ್ಲಾ ಹುಡಕಿದ್ರಂತ." ಹವಾಲ್ದಾರ ಗಾಲಿಕುರ್ಚಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತ. "ಅಕ್ಬರಸಾಬ, ನೀ ಒಬ್ಬಾಂವ ಇದ್ದೆಲ್ಲೋ ಮಾರಾಯಾ. ಹೌದಿಲ್ಲೋ?"

ಅಕ್ಬರಸಾಬ ಕುರ್ಚಿ ಬಡಿಯುವುದನ್ನು ನಿಲ್ಲಿಸಿದ. ಎಡಗೈ ನಿಧಾನವಾಗಿ ಮೇಲೆದ್ದಿತು. ಗುರುವಾರ ಎಲ್ಲರೂ ಎತ್ತಿದ ಹಾಗೆಯೇ ಎತ್ತಿದ. ಯಾರೂ ಎಣಿಸದೆ ಬಿಟ್ಟಿದ್ದ ಕೈ ಅದು.

* * *

"ಅಬ್ಬಾಗ ಇದೆಲ್ಲಾ ಹೆಂಗ ಬರತೈತ್ರಿ?" ಇನಾಯತ್ ನಂಬಲಿಲ್ಲ.

"ಎರಡ ವರ್ಷ ನಿಮ್ಮ ಬೆನ್ನ ಹಿಂದ ಕುಂತು ಮತ್ತೇನ ಮಾಡ್ಯಾನ? ನೋಡಿ ಕಲ್ತಾನ" ಎಂದ ಮಡಿವಾಳೆಪ್ಪ. "ಎಡಗೈಲೆ, ಎಡಗಾಲಿಲೆ ಕುರ್ಚಿ ನೂಕ್ಕೊಂಡು ಬಂದಾನ, ಹಂಗ ಹೊಳ್ಳಿ ಹೋಗ್ಯಾನ. ಕುರ್ಚಿ ಅಂವಂದ ಅಂವಗ ಇತ್ತು, ಸ್ಟೂಲು ಬೇಕಾಗಲಿಲ್ಲ. ಎಡಗೈ ಒಂದ ಆಡತೈತಿ, ಅದಕ್ಕ ಮೌಸು ಎಡಕ್ಕ ಬಂತು. ಒಂದ ಕೈಲೆ ನಡ್ಯಾಕ ಬರತೈತೇನವಾ ಇದರಾಗ?"

"ಬರತೈತ್ರಿ" ಎಂದಳು ಸೌಂದರ್ಯಾ. "ಒಂದ ಸಲ ಗುಂಡಿ ಒತ್ತಿದ್ರ ತಾನ ನಡೀತಾನ. ಮೌಸಿಲೆ ತಿರುಗಿಸಿದ್ರಾತು."

"ಆದ್ರ ನನಗ ಸಂಶೇ ಬಂದದ್ದು ಗಾಳಿ ಮ್ಯಾಲ. ಗಾಳಿ ಎದುರಿಗಿಟ್ಕೊಂಡು ಹೋಗಾಂವ ಬೇಟೆಗಾರ. ಬೆನ್ನಿಗಿಟ್ಕೊಂಡು ನಿಂದರಾಂವ ಹೊಲಾ ಕಾಯಾಂವ. ಅಂವನ ವಾಸನಿ, ಅಂವನ ಕೂಗು ಮೊದಲ ಚಿಗರಿಗೆ ಮುಟ್ಟಬೇಕು. ಅದು ತಾನ ಹೊಳ್ಳಿ ಹೋಗಬೇಕು. ಕಲ್ಲ ಒಗಿಯೂದಲ್ಲ, ಕಾಲ ಮುರಿಯೂದಲ್ಲ. ಅಂವ ಬದುವಿನ ಮ್ಯಾಲ ನಡೀತಾನ, ಪೀಕ ತುಳ್ಯಾಂಗಿಲ್ಲ. ಪರದೇದಾಗಿನ ಪೀಕ ಇದ್ರೂ ತುಳ್ಯಾಂಗಿಲ್ಲ. ನಲವತ್ತು ವರ್ಷ ಹೊಲಾ ಕಾಯ್ದ ಕಾಲು ಎಲ್ಲಿ ಹೋಗತಾವ?"

ಇನಾಯತ್ ತಲೆ ತಗ್ಗಿಸಿದ. ಅಬ್ಬಾ ಬಿದ್ದ ಮೇಲೆ ಹೊಲ ಲಾವಣಿಗೆ, ಅಂದರೆ ಗೇಣಿಗೆ, ಹೋಗಿತ್ತು. ಮಾಡುವವರಿಲ್ಲ ಎಂದು ಕೊಟ್ಟರು. ಅಬ್ಬಾನನ್ನು ಕೇಳಿರಲಿಲ್ಲ. ಒಮ್ಮೆಯಾದರೂ ಕುರ್ಚಿ ತಳ್ಳಿಕೊಂಡು ಹೊಲದ ತನಕ ಹೋಗಿ ಬರಬಹುದಿತ್ತು. ಅದೂ ಹೊಳೆದಿರಲಿಲ್ಲ.

"ವರ್ಷಾ ವರ್ಷಾ ನಾ ಜೀವಂತ ಅದೇನಿ ಅಂತ ಹೆಬ್ಬೆಟ್ಟ ಒತ್ತತೇನಿ" ಎಂದ ಮಡಿವಾಳೆಪ್ಪ. "ಇಂವನ್ನ ಯಾರೂ ಕೇಳಲಿಲ್ಲ, ತಾನ ಒತ್ತಿದ. ಹುಡುಗಿ ಮ್ಯಾಲ ಮಾತ ಬಂದ ಕೂಡ್ಲೆ ಕುರ್ಚಿ ಬಡದು ಒಪ್ಗೊಂಡಾನ. ನೀವ ನೀರ ಕೊಟ್ರಿ."

ಹೇಮಂತ ಸೌಂದರ್ಯಾಳ ಮುಂದೆ ಬಂದು ನಿಂತ. "ತಪ್ಪ ನಂದು. ಸಿಟ್ಟಿನ್ಯಾಗ ಬಾಯಿಗೆ ಬಂದದ್ದ ಅಂದೆ. ನಾಳೆ ಬಾ ತಂಗಿ."

"ನಾಳೆ ಮಾತ ನಾಳೆ ನೋಡೂಣು" ಎಂದಳು ಅವಳು. ಅಷ್ಟು ಸುಲಭಕ್ಕೆ ಬಿಡುವ ಹುಡುಗಿಯಲ್ಲ. "ಮೊದಲ ಕಾಕಾನ ಕುರ್ಚಿ ಮುಂದ ತಗೋರಿ."

ಇನಾಯತ್ ಗಾಲಿಕುರ್ಚಿಯನ್ನು ಪರದೆಗೆ ಸರಿಯಾಗಿ ತಂದು ನಿಲ್ಲಿಸಿದ. ಅಪ್ಪನ ಎಡಗೈಯನ್ನು ಮೌಸಿನ ಮೇಲಿಟ್ಟ. ಇಡಬೇಕಾದ ಅಗತ್ಯವಿರಲಿಲ್ಲ, ಆದರೂ ಇಟ್ಟ. ಕೈ ಬಿಸಿಯಾಗಿತ್ತು. ಎಷ್ಟು ದಿನವಾಗಿತ್ತು ಈ ಕೈ ಹಿಡಿದು.

ಹುಲ್ಲುಗಾವಲು ತೆರೆಯಿತು. ಪೈರಿನ ಅಂಚಿನಲ್ಲಿ ಐದು ಚಿಗರಿ ಮೇಯುತ್ತಿದ್ದವು. ಅಕ್ಬರಸಾಬ ಸುತ್ತು ಹಾಕಿ ಗಾಳಿಯ ಕಡೆಗೆ ಬಂದ. ಗಾಳಿ ಬೆನ್ನಿಗೆ ಸಿಕ್ಕಿತು. ಅವನ ಬಾಯಿ ತೆರೆಯಿತು.

"ಹೋ... ಹೋಯ್!"

ಕೀರಲು ದನಿ. ಮುರಿದ ದನಿ. ಎರಡು ವರ್ಷದಲ್ಲಿ ಮೊದಲ ದನಿ.

ಒಳಗೆ ಪಾತ್ರೆ ಬಿದ್ದ ಸದ್ದಾಯಿತು. ರೊಟ್ಟಿ ಬಡಿಯುತ್ತಿದ್ದ ಜಮಾಲಬಿ ಹಿಟ್ಟಿನ ಕೈಯಲ್ಲೇ ಓಡಿ ಬಂದು ಬಾಗಿಲಲ್ಲಿ ನಿಂತಳು. "ಇದು ಇವರ ಹೊಲದ ಕೂಗು" ಎಂದಳು. ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಮೂರು ಚಿಗರಿ ನೆಗೆದು ಹುಲ್ಲಿನಲ್ಲಿ ಮರೆಯಾದವು.

ಹೊರಗೆ ಬೈಕು ನಿಂತಿತು. ಐದೂವರೆ. "ನಡಿಯವಾ, ಹೊತ್ತಾತು" ಎಂದು ಶಿದ್ಲಿಂಗಪ್ಪ ಕೂಗಿದ. "ಏನದು ಗದ್ಲ?"

"ಸ್ವಲ್ಪ ತಡೀಯಪ್ಪಾ" ಎಂದಳು ಸೌಂದರ್ಯಾ, ಪರದೆಯಿಂದ ಕಣ್ಣು ತೆಗೆಯದೆ. "ಅಕ್ಬರ ಕಾಕಾನ ಹೊಲದಾಗ ಇನ್ನೂ ಎರಡ ಚಿಗರಿ ಅದಾವ. ಹೊಳ್ಳಿ ಹೋಗಲಿ."

ಶಿದ್ಲಿಂಗಪ್ಪ ಗಾಡಿ ಬಂದ್ ಮಾಡಿ ಒಳಗೆ ಬಂದ. ಬೈಯಲೆಂದೇ ಬಂದಿದ್ದ. ಪರದೆ ನೋಡಿದ, ಪೈರು ನೋಡಿದ, ಗಾಲಿಕುರ್ಚಿಯಲ್ಲಿ ಮುಂದಕ್ಕೆ ಬಾಗಿದ ಅಕ್ಬರಸಾಬನನ್ನು ನೋಡಿದ. ಸ್ಟೂಲಿನ ಮೇಲಿನ ಕಟ್ಟನ್ನು ಎತ್ತಿ ಕೆಳಗಿಟ್ಟು, ಅವನ ಪಕ್ಕಕ್ಕೆ ಎಳೆದು ಕುಳಿತ.

"ಬಲಕ್ಕ ತಿರುಗೋ ಅಕ್ಬರಸಾಬ" ಎಂದ. "ಒಂದು ಬದುವಿನ ಬಾಜು ಹೊಂಟೈತಿ ನೋಡು."