ಮಾಚ ಹೊಡೆದ ಮೂರು ಗೋಲು

ಚಂದ್ರನ ಮುಖಕ್ಕೆ ಇನ್ನೂ ಕಲೆ ಬೀಳದಿದ್ದ ಕಾಲದಲ್ಲಿ ಚೆಂಬೊಳಲು ಎಂಬೊಂದು ರಾಜ್ಯವಿತ್ತು. ಆ ಕಾಲದ ರಾಜರು ಕತ್ತಿ ಹಿಡಿದು ಜಗಳವಾಡುತ್ತಿರಲಿಲ್ಲ. ಗಡಿಯ ತಕರಾರಿರಲಿ, ಹೆಣ್ಣು ಕೊಡುವ ತರುವ ಮಾತಿರಲಿ, ಎಲ್ಲವೂ ಕಾಲ್ಚೆಂಡಿನ ಮೈದಾನದಲ್ಲೇ ತೀರ್ಮಾನವಾಗುತ್ತಿತ್ತು. ಹನ್ನೊಂದು ಜನ ಈ ಕಡೆ, ಹನ್ನೊಂದು ಜನ ಆ ಕಡೆ, ನಡುವೆ ಒಂದು ಚರ್ಮದ ಚೆಂಡು. ನೀರಿನಲ್ಲಿ ತೇಲಿಬಿಟ್ಟ, ತಳದಲ್ಲಿ ತೂತಿದ್ದ ಗಳಿಗೆ ಬಟ್ಟಲು ಮುಳುಗಿದರೆ ಆಟ ಮುಗಿಯಿತು. ಸೋತವರು ಮನೆಗೆ ಹೋಗಿ ಉಂಡು ಮಲಗುತ್ತಿದ್ದರು, ಯಾರ ತಲೆಯೂ ಉರುಳುತ್ತಿರಲಿಲ್ಲ.

ಹೀಗಿರುವಾಗ ಬಡಗಣ ಬೆಟ್ಟದಿಂದ ಕುಂಭಜಠರನೆಂಬ ಮಾಂತ್ರಿಕ ಇಳಿದು ಬಂದ. ಮೊದಲು ಹೊಟ್ಟೆ ಬಂತು, ಆಮೇಲೆ ಅವನು ಬಂದ. ಅವನ ತಂಡದಲ್ಲಿ ಮನುಷ್ಯರೇ ಇರಲಿಲ್ಲ, ಎರಡು ಕಾಲಿನ ಮೇಲೆ ನಿಂತು ಆಡುವ ತೋಳಗಳಿದ್ದವು. ಸೋತ ತಂಡದ ಒಬ್ಬ ಆಟಗಾರನ ಮೇಲೆ ಕರಿಕಂಬಳಿ ಹೊದಿಸಿ, ಬೂದಿ ಎರಚಿ, ಅವನನ್ನು ಯಾವುದೋ ಮೃಗವಾಗಿಸಿ ಕರೆದೊಯ್ಯುವುದು ಅವನ ಪದ್ಧತಿ. ಪಂದ್ಯ ಸಮವಾದರೂ ಗೆಲುವು ತನ್ನದೇ ಎನ್ನುತ್ತಿದ್ದ. ಇದ್ಯಾವ ನ್ಯಾಯ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಅವನು ಚೆಂಬೊಳಲಿಗೂ ಪಂದ್ಯದ ಸವಾಲು ಹಾಕಿದ. ಚೆಂಬೊಳಲಿನ ಗೋಲು ಕಾಯುತ್ತಿದ್ದವನು ಕೇತ. ಪ್ರತಿ ಸಲವೂ ಅಂಗೈಗೆ ಉಗುಳಿ ತಿಕ್ಕಿಕೊಂಡು, ಎಡಕಿವಿ ಎಳೆದುಕೊಂಡು ನಿಲ್ಲುತ್ತಿದ್ದ. ತೋಳಗಳು ಎಷ್ಟು ಒದ್ದರೂ ಅವನ ಕೈ ದಾಟಿ ಒಂದು ಚೆಂಡೂ ಹೋಗಲಿಲ್ಲ. ಅವನ ತಮ್ಮ ಮಾಚ ಮುಂದೆ ನಿಂತು ಗೋಲು ಹೊಡೆಯಬೇಕಾದವನು. ಇನ್ನೂ ಮೀಸೆ ಚಿಗುರುತ್ತಿದ್ದ ಹುಡುಗ, ಕಾಲಲ್ಲಿ ಕುದುರೆಯ ಬಲ. ಆದರೆ ಚೆಂಡು ಎಲ್ಲಿಗೆ ಹೋಗುತ್ತದೆ ಎಂಬುದು ಚೆಂಡಿಗೂ ಗೊತ್ತಿರುತ್ತಿರಲಿಲ್ಲ. ಬಟ್ಟಲು ಮುಳುಗುವ ಹೊತ್ತಿಗೆ ಮಾಚನ ಮುಂದೆ ಗೋಲು ಬಟಾಬಯಲಾಗಿತ್ತು, ಕಾಯುವ ತೋಳ ಎಡವಿ ಬಿದ್ದಿತ್ತು. ಮಾಚ ಒದ್ದ. ಚೆಂಡು ಕಂಬದ ಮೇಲೆ, ಜನರ ಮೇಲೆ, ಅರಮನೆಯ ಗೋಪುರದ ಮೇಲೆ ಹಾರಿ ಕಣ್ಮರೆಯಾಯಿತು. ಪಂದ್ಯ ಸಮವಾಯಿತು.

ಮಾಂತ್ರಿಕ ಕೇತನ ಮೇಲೆ ಕರಿಕಂಬಳಿ ಹೊದಿಸಿದ. ಕಂಬಳಿಯ ಒಳಗೆ ಏನೋ ಮುದುಡಿತು, ಏನೋ ಗುರುಗುಟ್ಟಿತು. ಅದನ್ನು ಹಾಗೆಯೇ ಮೂಟೆ ಕಟ್ಟಿ ತೋಳಗಳು ಹೊತ್ತುಕೊಂಡು ಹೋದವು. ಮಾಚ ಮೈದಾನದ ನಡುವೆ ಕಲ್ಲಾಗಿ ನಿಂತಿದ್ದ. ಅಳು ಕೂಡ ಬರಲಿಲ್ಲ ಅವನಿಗೆ.

ಮಹಾರಾಜ ಚಂದ್ರಶೂರ ಮಾಂತ್ರಿಕನ ಹಿಂದೆ ಓಡಿ, "ಇದಕ್ಕೆ ಬಿಡುಗಡೆ ಇಲ್ಲವೇನಯ್ಯಾ?" ಎಂದು ಕೇಳಿದ.

ಮಾಟಕ್ಕೊಂದು ಕಟ್ಟಳೆಯಿರುತ್ತದೆ, ಬಿಡುಗಡೆಯ ದಾರಿಯನ್ನು ಕೇಳಿದವರಿಗೆ ಬಾಯಿಬಿಟ್ಟು ಹೇಳದಿದ್ದರೆ ಮಾಟವೇ ಫಲಿಸುವುದಿಲ್ಲ. ಕುಂಭಜಠರ ಹೊಟ್ಟೆ ಕುಲುಕಿಸುತ್ತ ಹೇಳಿದ: "ಒಬ್ಬನೇ ಆಟಗಾರ ನನ್ನ ತಂಡದ ಮೇಲೆ ಸಾಲಾಗಿ ಮೂರು ಪಂದ್ಯಗಳಲ್ಲಿ ಗೋಲು ಹೊಡೆಯಲಿ. ನನ್ನ ಮೃಗಗಳೆಲ್ಲ ಮನುಷ್ಯರಾಗುತ್ತವೆ. ಒಂದು ಪಂದ್ಯ ತಪ್ಪಿದರೂ ಅವನು ನನ್ನವನು. ಇನ್ನೊಂದು ಮಾತು. ಹೊಡೆದ ಗೋಲು ಮಾತ್ರ ಗೋಲು. ಕಾಯುವವನು ಬೇಕೆಂದೇ ಬಿಟ್ಟುಕೊಟ್ಟರೆ, ಹೊಡೆದವನೂ ಬಿಟ್ಟವನೂ ಇಬ್ಬರೂ ಸಾಯುವತನಕ ಮೃಗಗಳು."

ಕೊನೆಯ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮಾಂತ್ರಿಕನ ಕಡೆಯವರು ಯಾಕೆ ಗೋಲು ಬಿಟ್ಟುಕೊಡುತ್ತಾರೆ?

ಮರುದಿನ ಆಸ್ಥಾನದಲ್ಲಿ ಮಹಾರಾಜ ಕೇಳಿದ: "ಯಾರು ಹೋಗುತ್ತೀರಿ?" ಪಳಗಿದ ಆಟಗಾರರೆಲ್ಲ ತಮ್ಮ ಕಾಲಿನ ಉಗುರು ನೋಡಿಕೊಳ್ಳತೊಡಗಿದರು. ಆಗ ಮೂಲೆಯಿಂದ ದನಿ ಬಂತು: "ನಾನು ಹೋಗ್ತೀನಿ, ಬುದ್ಧಿ."

ಎಲ್ಲರೂ ತಿರುಗಿ ನೋಡಿದರು. ಮಾಚ! ರಾಣಿಯ ಕೈಯಿಂದ ಎಲೆಯಡಿಕೆ ತಟ್ಟೆ ಜಾರಿ ಬಿತ್ತು. ಮಂತ್ರಿ, "ಇವನಾ? ಖಾಲಿ ಗೋಲಿಗೆ ಹೊಡೆಯೋಕೆ ಆಗದವನಾ?" ಎಂದು ಜೋರಾಗಿಯೇ ಅಂದುಬಿಟ್ಟ. ಬೇರೆ ಯಾರಾದರೂ ಎದ್ದಿದ್ದರೆ ಮಹಾರಾಜ ಅವನನ್ನೇ ಆರಿಸುತ್ತಿದ್ದ. ಯಾರೂ ಏಳಲಿಲ್ಲ.

ಮೊದಲ ಪಂದ್ಯ ಬಂತು. ಮಾಂತ್ರಿಕನ ಗೋಲಿನಲ್ಲಿ ನಿಂತಿದ್ದದ್ದು ಎಂಟು ತೋಳಿನ ಕಪಿ. ಒಂದು ಕೈಯಲ್ಲಿ ಚೆಂಡು ಹಿಡಿದು, ಇನ್ನೊಂದರಲ್ಲಿ ತಲೆ ಕೆರೆದುಕೊಂಡು, ಉಳಿದ ಕೈಗಳಲ್ಲಿ ಜನರನ್ನು ಅಣಕಿಸುತ್ತಿತ್ತು. ಬಟ್ಟಲು ಅಂಚಿನವರೆಗೆ ತುಂಬಿದಾಗ ಮಾಚನ ಕಾಲಿಗೆ ಚೆಂಡು ಸಿಕ್ಕಿತು. ಅವನು ಉಸಿರು ಬಿಗಿಹಿಡಿದು, ಕಣ್ಣು ಮುಚ್ಚಿ ಒದ್ದ. ಚೆಂಡು ಕಂಬಕ್ಕೆ ಬಡಿಯಿತು, ಅಲ್ಲಿಂದ ಒಂದು ತೋಳದ ಬೆನ್ನಿಗೆ ಬಡಿಯಿತು, ಅಲ್ಲಿಂದ ಕಪಿಯ ಬುರುಡೆಗೆ ಬಡಿದು ಬಲೆಯೊಳಗೆ ಬಿತ್ತು.

ಮಾಚ ಕಣ್ಣು ಬಿಟ್ಟು, "ಏನಾಯ್ತು?" ಎಂದು ಪಕ್ಕದವನನ್ನು ಕೇಳಿದ.

ಆಮೇಲೆ ಊರು ಹುಚ್ಚೆದ್ದು ಹೋಯಿತು. ಮಾಚನನ್ನು ಆನೆಯ ಮೇಲೆ ಕೂರಿಸಿದರು, ಬೀದಿಬೀದಿಯಲ್ಲಿ ಸಕ್ಕರೆ ಹಂಚಿದರು. ಮಕ್ಕಳೆಲ್ಲ ಕಣ್ಣು ಮುಚ್ಚಿ ಚೆಂಡು ಒದೆಯಲು ಶುರುಮಾಡಿ, ಚೆಂಬೊಳಲಿನಲ್ಲಿ ಒಂದು ಮಡಕೆಯೂ ಉಳಿಯಲಿಲ್ಲ. ಅಣಕಿಸಿದ್ದ ಮಂತ್ರಿಯೇ, "ನಾನು ಮೊದಲೇ ಹೇಳಿದ್ದೆ" ಎಂದು ಹೇಳಿಕೊಂಡು ತಿರುಗಿದ. ಹೊಗಳಿಸಿಕೊಂಡು ಹೊಗಳಿಸಿಕೊಂಡು ಮಾಚನಿಗೂ ತಾನು ಏನೋ ಇರಬಹುದು ಅನ್ನಿಸತೊಡಗಿತು.

ಆಟದ ಗುರು ಜಕ್ಕವ್ವ ಮಾತ್ರ ಸಕ್ಕರೆ ಮುಟ್ಟಲಿಲ್ಲ. ಆಕೆ ಒಣಗಿದ ಕಬ್ಬಿನಂಥ ಹೆಂಗಸು, ಕೈಯಲ್ಲಿ ಸದಾ ಒಂದು ಬೆತ್ತ. ಆನೆ ಅವಳ ಮನೆಯ ಮುಂದೆ ಬಂದಾಗ, "ಇಳಿಯೋ ಕೆಳಗೆ" ಎಂದಳು. ಮಾಚ ಇಳಿದ.

"ಯಾರೋ ಹೊಡೆದದ್ದು ಆ ಗೋಲು?"

"ನಾನೇ ಗುರುವಮ್ಮ."

"ಕಂಬ ಹೊಡೀತು, ತೋಳ ಹೊಡೀತು, ಕಪಿ ಹೊಡೀತು. ನೀನು ಕಣ್ಣು ಮುಚ್ಚಿಕೊಂಡು ನಿಂತಿದ್ದೆ. ಇನ್ನೊಂದು ಸಲ ಹಂಗೇ ಆಗ್ತದೆ ಅಂದುಕೊಂಡಿದೀಯಾ? ಯಾಕೋ ಮುಚ್ತೀಯ ಕಣ್ಣು?"

ಮಾಚನ ಮುಖ ಸಣ್ಣದಾಯಿತು. "ತಪ್ಪಿಹೋಗೋದನ್ನ ನೋಡೋಕೆ ಆಗಲ್ಲ ಗುರುವಮ್ಮ. ಹೋದ ಸಲ ಅಣ್ಣನ್ನ ಕಳಕೊಂಡೆ. ಒದೆಯೋ ಹೊತ್ತಿಗೆ ಅದೇ ಕಣ್ಣಮುಂದೆ ಬರ್ತದೆ."

ಜಕ್ಕವ್ವ ಬೈಯಲಿಲ್ಲ. ಮರುದಿನ ಬೆಳಗ್ಗೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ತಾನೇ ಗೋಲಿನಲ್ಲಿ ನಿಂತಳು. ಮಾಚ ಒದೆಯುವ ಹೊತ್ತಿಗೆ ಸರಿಯಾಗಿ ಬೆನ್ನ ಹಿಂದಿನಿಂದ ಏನನ್ನೋ ತೆಗೆದು ತೋರಿಸಿ ಮತ್ತೆ ಬಚ್ಚಿಡುತ್ತಿದ್ದಳು.

"ಏನಿತ್ತೋ ಕೈಯಲ್ಲಿ?"

"ಬದನೆಕಾಯಿ?"

"ಸೌಟು! ಮತ್ತೆ ಒದಿ."

ಹೀಗೆ ದಿನವೂ ನಡೆಯಿತು. ಸೌಟಿಗೆ ಬದನೆಕಾಯಿ ಎಂದ, ಪಡವಲಕಾಯಿಗೆ ಬಾಚಣಿಗೆ ಎಂದ, ಬೆತ್ತದ ಏಟು ತಿಂದ. ಮೊದಮೊದಲು ಕಣ್ಣು ತಾನಾಗಿ ಮುಚ್ಚುತ್ತಿತ್ತು. ಆಮೇಲೆ ಅರೆ ತೆರೆಯಿತು. ಒಂದು ದಿನ ಒದ್ದವನೇ, "ನುಗ್ಗೇಕಾಯಿ, ಅದೂ ಮುರಿದದ್ದು, ನಿಮ್ಮ ಎಡಗಾಲು ಹಿಂದಕ್ಕಿತ್ತು!" ಎಂದು ಕೂಗಿದ. ಜಕ್ಕವ್ವ ಬೆತ್ತ ಕೆಳಗಿಟ್ಟಳು.

ಎರಡನೆಯ ಪಂದ್ಯ ಬಂತು. ಈ ಸಲ ಗೋಲಿನಲ್ಲಿ ಒಂದು ಆಮೆ. ಜನ ನಕ್ಕರು. ಆಮೆ ಉಸಿರೆಳೆದುಕೊಂಡಿತು. ಅದರ ಚಿಪ್ಪು ಉಬ್ಬಿತು, ಗಾಡಿಯಷ್ಟಾಯಿತು, ಮನೆಯಷ್ಟಾಯಿತು, ಈ ಕಂಬದಿಂದ ಆ ಕಂಬದವರೆಗೆ ಗೋಲನ್ನೇ ತುಂಬಿ ನಿಂತಿತು. ನಕ್ಕ ಬಾಯಿಗಳು ತೆರೆದಂತೆಯೇ ಉಳಿದವು. ಎಲ್ಲಿಗೆ ಹೊಡೆಯುವುದು? ಸೂಜಿ ತೂರಲೂ ಜಾಗವಿಲ್ಲ!

ಚೆಂಬೊಳಲಿನವರು ಒದ್ದದ್ದೆಲ್ಲ ಚಿಪ್ಪಿಗೆ ಬಡಿದು ಟಣ್ ಎಂದು ವಾಪಸು ಬಂತು. ಮಾಚ ಒದೆಯದೆ ನೋಡಿದ. ಚೆಂಡು ಹತ್ತಿರ ಬಂದಾಗಲೆಲ್ಲ ಆಮೆ ಉಸಿರೆಳೆಯುತ್ತಿತ್ತು. ಉಸಿರೆಳೆದಾಗ ಮೈ ಹಗುರಾಗಿ ನಾಲ್ಕು ಪಾದಗಳೂ ನೆಲದಿಂದ ಒಂದಿಷ್ಟು ಮೇಲೇಳುತ್ತಿದ್ದವು. ಮಾಚ ಚೆಂಡು ತಳ್ಳಿಕೊಂಡು ಆಮೆಯ ಮುಂದೆಯೇ ಹೋದ, ಜೋರಾಗಿ ಒದೆಯುವವನಂತೆ ಕಾಲೆತ್ತಿದ. ಆಮೆ ಗಬಕ್ಕನೆ ಉಸಿರೆಳೆಯಿತು. ಮಾಚ ಕಾಲಿನ ತುದಿಯಿಂದ ಚೆಂಡನ್ನು ಸುಮ್ಮನೆ ಉರುಳಿಸಿದ. ಅದು ಆಮೆಯ ಹೊಟ್ಟೆಯ ಕೆಳಗೆ ನುಸುಳಿ, ಆಚೆ ಬದಿಯ ಬಲೆಗೆ ತಾಗಿ ನಿಂತಿತು.

"ಇಷ್ಟೇನಾ?" ಎಂದರು ಜನ. ಆಕಾಶ ಸೀಳಿಕೊಂಡು ಹೋಗುವ ಗೋಲು ನೋಡಲು ಬಂದವರಿಗೆ ಇದು ನುಂಗಲಾರದ ತುತ್ತಾಯಿತು. ಆನೆಯನ್ನು ಕರೆತಂದಿದ್ದ ಮಾವುತ ವಾಪಸು ಹೊಡೆದುಕೊಂಡು ಹೋದ. ಜಕ್ಕವ್ವ ಮಾತ್ರ ಬೆತ್ತವನ್ನು ಗಾಳಿಯಲ್ಲಿ ಬೀಸುತ್ತ, "ಇದು ಗೋಲು ಕಣ್ರೋ! ಇದು ಗೋಲು!" ಎಂದು ಕುಣಿದಳು. ಆಕೆ ಕುಣಿದದ್ದನ್ನು ಆ ರಾಜ್ಯದಲ್ಲಿ ಯಾರೂ ನೋಡಿರಲಿಲ್ಲ. ಮಾಂತ್ರಿಕನ ಮುಖ ಮೊದಲ ಸಲ ಕಪ್ಪಿಟ್ಟಿತು.

ಮೂರನೆಯ ಪಂದ್ಯಕ್ಕೆ ಅವನು ಕರಿಚಿರತೆಯೊಂದನ್ನು ತಂದು ಗೋಲಿನಲ್ಲಿ ನಿಲ್ಲಿಸಿದ. ಅದರ ಕಿವಿಯಲ್ಲಿ ಏನೋ ಪಿಸುಗುಟ್ಟಿ, ಮಾಚನ ಕಡೆ ಬೆರಳು ತೋರಿಸಿ, ನಗುತ್ತ ಹೋಗಿ ಕೂತ.

ಆ ಚಿರತೆಯನ್ನು ದಾಟಿ ಏನೂ ಹೋಗಲಿಲ್ಲ. ಮೇಲೆ ಹೊಡೆದರೆ ಹಾರಿ ಹಿಡಿಯಿತು, ಕೆಳಗೆ ಹೊಡೆದರೆ ಬಿದ್ದು ಹಿಡಿಯಿತು. ಮಾಚ ಕಣ್ಣು ಬಿಟ್ಟುಕೊಂಡೇ ಮತ್ತೆ ಮತ್ತೆ ಹೊಡೆದ. ಚಿರತೆ ಪ್ರತಿ ಸಲವೂ ತಡೆಯಿತು. ಬಟ್ಟಲಿಗೆ ನೀರು ಏರುತ್ತಲೇ ಇತ್ತು.

ಆಗ ಮಾಚ ಒಂದನ್ನು ಕಂಡ. ಪ್ರತಿ ಸಲ ಚೆಂಡು ಹಿಡಿಯುವ ಮುಂಚೆ ಚಿರತೆ ಎರಡೂ ಮುಂಗಾಲುಗಳಿಗೆ ಉಗುಳಿಕೊಂಡು ಒಂದಕ್ಕೊಂದು ತಿಕ್ಕುತ್ತಿತ್ತು, ಆಮೇಲೆ ಎಡಕಿವಿಯನ್ನು ಒಮ್ಮೆ ಎಳೆದುಕೊಳ್ಳುತ್ತಿತ್ತು. ಲೋಕದಲ್ಲಿ ಹಾಗೆ ಮಾಡುವವನು ಒಬ್ಬನೇ. ಮಾಚ ಮೃಗದ ಕಣ್ಣನ್ನು ನೋಡಿದ. ಹಳದಿ ಕಣ್ಣು ಅವನನ್ನೇ ನೋಡುತ್ತಿತ್ತು.

"ಅಣ್ಣಾ?"

ಚಿರತೆಯ ಬಾಲ ನೆಲಕ್ಕೆ ಬಿತ್ತು.

ಅಷ್ಟರಲ್ಲಿ ಚೆಂಡು ಮತ್ತೆ ಮಾಚನ ಕಾಲಿಗೆ ಬಂತು. ಬಟ್ಟಲಿನ ಅಂಚು ನೀರಿಗೆ ತಾಗುವುದರಲ್ಲಿತ್ತು. ಮಾಚ ಇನ್ನೂ ಕಾಲೆತ್ತಿರಲಿಲ್ಲ, ಚಿರತೆ ಧೊಪ್ಪನೆ ಎಡಕ್ಕೆ ಬಿದ್ದು ಮಲಗಿಬಿಟ್ಟಿತು. ಗೋಲು ಬಟಾಬಯಲು!

"ಹೊಡಿಯೋ!" ಎಂದು ಜನಸಾಗರ ಕಿರುಚಿತು. ಮಹಾರಾಜ ಸಿಂಹಾಸನದ ಮೇಲೆ ಹತ್ತಿ ನಿಂತ.

ಮಾಚನ ಕಾಲು ಗಾಳಿಯಲ್ಲೇ ನಿಂತಿತು. ಹೀಗೆ ಎಡಕ್ಕೆ ಬೀಳುವುದನ್ನು ಅವನು ಎಷ್ಟು ಸಲ ನೋಡಿದ್ದ! ಚಿಕ್ಕವನಿದ್ದಾಗ ಮನೆಯ ಅಂಗಳದಲ್ಲಿ ಅಣ್ಣ ಗೋಲು ಕಾಯುತ್ತಿದ್ದ, ಮಾಚ ಒದೆಯುತ್ತಿದ್ದ, ಅಣ್ಣ ಎಡಕ್ಕೆ ಬೀಳುತ್ತಿದ್ದ, ಚೆಂಡು ಬಲಕ್ಕೆ ಹೋಗುತ್ತಿತ್ತು. ಒಂದು ದಿನವೂ ತಪ್ಪಿರಲಿಲ್ಲ. ತನ್ನಂಥ ಆಟಗಾರ ಇಲ್ಲ ಎಂದು ಮಾಚ ಅವ್ವನ ಮುಂದೆ ಕುಣಿಯುತ್ತಿದ್ದ. ತಮ್ಮ ಅಳಬಾರದೆಂದು ಅಣ್ಣ ಬೇಕೆಂದೇ ಬಿಡುತ್ತಿದ್ದನೆಂಬುದು ಇವತ್ತು, ಈ ಗಳಿಗೆಯಲ್ಲಿ, ಅವನ ತಲೆಗೆ ಹೊಳೆಯಿತು. ಕಣ್ಣು ಎತ್ತಿ ನೋಡಿದರೆ ಮಾಂತ್ರಿಕ ಕೈ ಉಜ್ಜಿಕೊಂಡು ನಗುತ್ತಿದ್ದಾನೆ. ಬಿಟ್ಟುಕೊಟ್ಟ ಗೋಲು!

ಮಾಚ ಕಾಲು ಇಳಿಸಿ ಚೆಂಡಿನ ಮೇಲೆ ಇಟ್ಟು ನಿಂತ.

ಮೈದಾನಕ್ಕೆ ಸಿಡಿಲು ಬಡಿದಂತಾಯಿತು. ಜಕ್ಕವ್ವನ ಬೆತ್ತ ಕೈಜಾರಿತು. ಮಂತ್ರಿ ಮೂರ್ಛೆ ಹೋದ. ಹಿಂದಿನಿಂದ ತೋಳಗಳು ಓಡಿ ಬರುತ್ತಿದ್ದವು.

"ಏಳಣ್ಣಾ" ಎಂದ ಮಾಚ. "ನಾನೀಗ ಅಳಲ್ಲ. ಎದ್ದು ನಿಲ್ಲು. ನಿನ್ನ ಕೈಲಾದಷ್ಟೂ ಹಿಡಿ."

ಚಿರತೆ ತಲೆ ಅಲ್ಲಾಡಿಸಿತು.

"ಬಿಟ್ಟುಕೊಟ್ರೆ ಇಬ್ಬರೂ ಮುಗಿದ್ವಿ. ಏಳೋ ಅಂದೆ!"

ಅಣ್ಣನನ್ನು ಅವನು 'ಏಳೋ' ಎಂದು ಗದರಿದ್ದು ಅದೇ ಮೊದಲು. ಚಿರತೆ ಬೆಚ್ಚಿ ಎದ್ದಿತು. ಮುಂಗಾಲಿಗೆ ಉಗುಳಿಕೊಂಡು ತಿಕ್ಕಿತು, ಕಿವಿ ಎಳೆದುಕೊಂಡಿತು. ಕಣ್ಣಿನಲ್ಲಿದ್ದ ಕರುಣೆ ಹೋಯಿತು, ಹಲ್ಲು ಕಾಣಿಸಿತು. ಈಗ ಅದು ನಿಜವಾಗಿ ಕಾಯುತ್ತಿತ್ತು.

ಮಾಚ ನೋಡಿದ. ಮೈಯ ಭಾರವೆಲ್ಲ ಬಲಗಡೆಯ ಹಿಂಗಾಲಿನ ಮೇಲಿತ್ತು, ಎಡಕ್ಕೆ ಜಿಗಿಯಲು ಅದು ತಯಾರಾಗಿತ್ತು. ಬಲಗಡೆ ಕಂಬದ ಪಕ್ಕ ಒಂದು ಚೆಂಡು ತೂರುವಷ್ಟೇ ಜಾಗ. ಅಲ್ಲಿಗೆ ಒದ್ದ. ಒದ್ದ ಮೇಲೂ ಕಣ್ಣು ಮಿಟುಕಿಸಲಿಲ್ಲ. ಚಿರತೆ ಗಾಳಿಯಲ್ಲೇ ಮೈ ತಿರುಚಿ ಬಲಕ್ಕೆ ಚಾಚಿತು, ಉಗುರು ಚೆಂಡಿಗೆ ತಾಗಿ ಚರ್ಮ ಪರ್ರನೆ ಹರಿಯಿತು. ಹರಿದ ಚೆಂಡು ಬಲೆಗೆ ಬಿತ್ತು. ಬಟ್ಟಲು ಮುಳುಗಿತು.

ಕುಂಭಜಠರ ಎದ್ದು ನಿಲ್ಲಲು ಹೋದ. ಹೊಟ್ಟೆ ಸುಸ್ಸೆಂದು ಇಳಿಯಿತು, ಇಳಿದು ಇಳಿದು ಅವನು ಒಂದು ಖಾಲಿ ಅಂಗಿಯಾಗಿ ನೆಲಕ್ಕೆ ಬಿದ್ದ, ಗಾಳಿ ಅದನ್ನು ಹೊತ್ತುಕೊಂಡು ಹೋಯಿತು. ತೋಳಗಳೆಲ್ಲ ಮನುಷ್ಯರಾಗಿ ತಮ್ಮ ತಮ್ಮ ಕೈ ನೋಡಿಕೊಂಡವು. ಕಪಿ ಪಡುವಣ ದೇಶದ ಆಟಗಾರನಾದ, ಆಮೆ ತೆಂಕಣ ದೇಶದ ರಾಜಕುಮಾರನಾದ.

ಗೋಲಿನೊಳಗೆ ಕೇತ ಬೋರಲು ಬಿದ್ದಿದ್ದ. ಮಾಚ ಓಡಿಹೋಗಿ ಪಕ್ಕದಲ್ಲಿ ಕೂತ. ಕೇತ ಎದ್ದು ಕೂತು, ಬಲಗೈ ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಉಗುರಿನಲ್ಲಿ ಚರ್ಮದ ಚೂರು ಸಿಕ್ಕಿಕೊಂಡಿತ್ತು.

"ನಿಜವಾಗ್ಲೂ ಹಿಡಿಯೋಕೆ ಹೋಗಿದ್ದೆ ಕಣೋ" ಎಂದ, ನಂಬಲಾಗದವನಂತೆ. "ಸಿಗಲಿಲ್ಲ."

ಅಳುವುದಿಲ್ಲ ಎಂದಿದ್ದ ಮಾಚ ಅಣ್ಣನ ಹೆಗಲಿಗೆ ಮುಖ ಒತ್ತಿ ಬಿಕ್ಕಿ ಬಿಕ್ಕಿ ಅತ್ತ.

ಅಲ್ಲಿಂದಾಚೆ ಚೆಂಬೊಳಲಿನಲ್ಲಿ ಎಲ್ಲರೂ ಹೊಟ್ಟೆ ತುಂಬ ಉಂಡು, ಕಣ್ಣು ತುಂಬ ನಿದ್ದೆ ಮಾಡಿ, ಸುಖವಾಗಿದ್ದರು. ಮಾಚ ವರ್ಷ ವರ್ಷವೂ ಗೋಲು ಹೊಡೆದ. ಕೆಲವು ಅಂದವಾಗಿದ್ದವು, ಹೆಚ್ಚಿನವು ಸುಮ್ಮನೆ ಉರುಳಿ ಹೋದವು. ಆದರೆ ಮಾಂತ್ರಿಕ ಅಳಿದ ಮರುದಿನದ ಬೆಳಗ್ಗೆ ನಡೆದದ್ದನ್ನು ಅವರ ಅವ್ವ ಎಷ್ಟೋ ಕಾಲ ಹೇಳಿಕೊಂಡು ಬೆರಗಾಗುತ್ತಿದ್ದಳು. ಅಣ್ಣ ತಮ್ಮ ಇಬ್ಬರೂ ಅಂಗಳಕ್ಕೆ ಇಳಿದರು. ಬಿಸಿಲು ನೆತ್ತಿಗೆ ಬರುವತನಕ ಮಾಚ ಒದ್ದ, ಕೇತ ಎಲ್ಲವನ್ನೂ ಹಿಡಿದ, ಒಂದನ್ನೂ ಬಿಡಲಿಲ್ಲ. ಒಂದೇ ಒಂದು ಗೋಲು ಹೊಡೆಯಲಾಗದ ಮಾಚ ಅಷ್ಟು ನಕ್ಕದ್ದನ್ನು ಅವನು ಹುಟ್ಟಿದಂದಿನಿಂದ ಆಕೆ ನೋಡಿರಲಿಲ್ಲವಂತೆ.